ಡಾಕ್ಟರ ಬಾಗಿಲ ಮುಂದಿನ ನೂಕಾಟ ತಪ್ಪಿಸುವುದು ಹೇಗೆ?

ಮಂಡ್ಯದ ನೂರಡಿ ರಸ್ತೆಯಲ್ಲಾಗಲಿ ಮೈಸೂರಿನ ಸರಸ್ವತಿಪುರಂನಲ್ಲಾಗಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಣ್ಣ ಕ್ಲಿನಿಕ್‌ಗಳಲ್ಲಿ ಕಾಣುವ ನೋಟ ಹೆಚ್ಚುಕಮ್ಮಿ ಒಂದೇ. ಗೋಡೆಗುಂಟ ಇಟ್ಟ ಕುರ್ಚಿಗಳಲ್ಲಿ ಅರ್ಧ ಖಾಲಿ. ಡಾಕ್ಟರ ಕೋಣೆಯ ಬಾಗಿಲಲ್ಲಿ ಏಳೆಂಟು ಜನ. ಬಾಗಿಲು ತೆರೆದಾಗಲೆಲ್ಲ ಎರಡು ಮೂರು ತಲೆ ಒಳಗೆ ಇಣುಕುತ್ತವೆ. ಕೌಂಟರ್‌ನಲ್ಲಿ ಕೂತವರು ‘ಕೂತ್ಕೊಳ್ಳಿ, ಕರೀತೀವಿ’ ಎಂದು ಹೇಳಿ ಹೇಳಿ ದಣಿದಿರುತ್ತಾರೆ.

ಜನಕ್ಕೆ ಶಿಸ್ತಿಲ್ಲ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ನಾಗಮಂಗಲದ ಕಡೆಯಿಂದ ಬಸ್ಸು ಹಿಡಿದು ಬಂದವರ ಜಾಗದಲ್ಲಿ ನಿಂತು ನೋಡಿ. ಸರದಿ ಎಲ್ಲಿಗೆ ಬಂತು ಎಂದು ತಿಳಿಯಲು ಆ ಕೋಣೆಯಲ್ಲಿ ಅವರಿಗಿರುವುದು ಒಂದೇ ದಾರಿ: ಬಾಗಿಲ ಬಳಿ ನಿಂತು ಕಣ್ಣಾರೆ ನೋಡುವುದು. ಕೂತರೆ ಸರದಿ ತಪ್ಪುತ್ತದೆ ಎಂದು ಅವರಿಗೆ ಕಲಿಸಿದ್ದು ಆ ಕೋಣೆಯೇ. ಹಾಗಾಗಿ ಬದಲಾಗಬೇಕಾದ್ದು ಕೋಣೆ. ಕಾಯುವ ಹಾಲ್ 12 ಅಡಿ ಅಗಲ, 20 ಅಡಿ ಉದ್ದವಿರುವ ಬಾಡಿಗೆ ಮಳಿಗೆಯಲ್ಲಿ, ಗೋಡೆ ಒಡೆಯದೆ ಇದನ್ನು ಮಾಡುವ ಕ್ರಮ ಇಲ್ಲಿದೆ. ಅಳತೆ ಬೇರೆಯಿದ್ದರೂ ಲೆಕ್ಕ ಹಾಕುವ ರೀತಿ ಇದೇ.

ಮೊದಲು ನೋಡಿ, ಆಮೇಲೆ ಕುರ್ಚಿ ಮುಟ್ಟಿ

ಚೌಕುಳಿ ಹಾಳೆಯ ಮೇಲೆ ಹಾಲ್‌ನ ನಕ್ಷೆ ಬರೆಯಿರಿ. ಒಂದು ಚೌಕ ಒಂದು ಅಡಿ. ಬಾಗಿಲು, ಕಿಟಕಿ, ಕೌಂಟರ್, ಫ್ಯಾನು, ನೀರಿನ ಕ್ಯಾನು, ಕುರ್ಚಿ ಎಲ್ಲ ಗುರುತಿಸಿ ನಾಲ್ಕು ಪ್ರತಿ ಮಾಡಿಸಿ. ಸೋಮವಾರದ ಬೆಳಿಗ್ಗೆಯ ಪಾಳಿ, ಇನ್ನೊಂದು ದಿನದ ಸಂಜೆಯ ಪಾಳಿ ಆರಿಸಿಕೊಂಡು ಹತ್ತು ನಿಮಿಷಕ್ಕೊಮ್ಮೆ ಯಾರು ಎಲ್ಲಿದ್ದಾರೋ ಅಲ್ಲಿ ಗುರುತು ಹಾಕಿ. ಕೂತವರಿಗೆ ಚುಕ್ಕೆ, ನಿಂತವರಿಗೆ ಅಡ್ಡಗೆರೆ. ಒಬ್ಬೊಬ್ಬ ರೋಗಿ ಒಳಗೆ ಹೋದ ಮತ್ತು ಹೊರಬಂದ ಸಮಯವನ್ನೂ ಬರೆದಿಡಿ. ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ನಮ್ದು ಇನ್ನೆಷ್ಟೊತ್ತಾಯ್ತದಕ್ಕ?’, ‘ಡಾಕ್ಟ್ರು ಬಂದವ್ರಾ?’, ‘ಬಾತ್ರೂಮ್ ಎಲ್ಲೈತೆ?’ ಒಂದೊಂದು ಪ್ರಶ್ನೆಯೂ ಕೋಣೆ ತಾನಾಗಿ ಹೇಳಬೇಕಾದ್ದನ್ನು ಹೇಳುತ್ತಿಲ್ಲ ಎಂಬುದರ ಗುರುತು.

ಈ ಹಂತ ಬಿಟ್ಟು ನೇರವಾಗಿ ಹೊಸ ಸೋಫಾ, ಹೊಸ ಪೇಂಟು ಎಂದು ಹೊರಟವರ ಹಣ ಸಾಮಾನ್ಯವಾಗಿ ವ್ಯರ್ಥವಾಗುತ್ತದೆ. ಅಡ್ಡಗೆರೆಗಳು ಎಲ್ಲಿ ಗುಂಪಾಗಿವೆ ಎಂದು ನೋಡದೆ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ.

ಸರದಿ ಕಣ್ಣಿಗೆ ಕಾಣಲಿ, ಕಿವಿಗೆ ಕೇಳಲಿ

ಅರ್ಧ ಗೆಲುವು ಇಲ್ಲೇ ಇದೆ. ಎಷ್ಟು ಹೊತ್ತು ಎಂದು ಗೊತ್ತಿದ್ದರೆ ಒಂದು ಗಂಟೆ ಕಾಯುವುದನ್ನೂ ಜನ ಸಹಿಸುತ್ತಾರೆ. ಗೊತ್ತಿಲ್ಲದಿದ್ದರೆ ಇಪ್ಪತ್ತು ನಿಮಿಷವೂ ಚಡಪಡಿಕೆ.

ಟೋಕನ್ ನಂಬರನ್ನು ಡಾಕ್ಟರ ಬಾಗಿಲಿರುವ ಗೋಡೆಯ ಮೇಲೆ, ನೆಲದಿಂದ ಆರೂವರೆ ಏಳು ಅಡಿ ಎತ್ತರದಲ್ಲಿ ಹಾಕಿ. ಕೂತವರಿಗೆ ಮುಂದಿನ ಸಾಲಿನವರ ತಲೆ ಅಡ್ಡ ಬರಬಾರದು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಸಾಕು ಎಂಬುದು ಒಳ್ಳೆಯ ಕಣ್ಣಿಗೆ ಹಾಕಿದ ಲೆಕ್ಕ. ಪೊರೆ ಬಂದ ಕಣ್ಣುಗಳೂ ಇರುವುದರಿಂದ 20 ಅಡಿಯ ಹಾಲ್‌ಗೆ ಎರಡರ ಬದಲು ನಾಲ್ಕು ಇಂಚಿನ ಅಂಕಿ ಇರಲಿ. ಅಂಕಿ 1, 2, 3ರಲ್ಲೇ ಇರಲಿ. ಬಸ್ಸಿನ ನಂಬರು, ಮೊಬೈಲು, ನೋಟು ನೋಡಿ ಎಲ್ಲರಿಗೂ ಅದು ಪರಿಚಿತ. ಓದಲು ಬಾರದವರಿಗಾಗಿ ನಂಬರನ್ನು ಕೂಗಲೇಬೇಕು. ಹೆಸರು ಬೇಡ, ನಂಬರು ಸಾಕು. ಯಾರು ಯಾವ ಡಾಕ್ಟರ ಹತ್ತಿರ ಬಂದಿದ್ದಾರೆ ಎಂದು ಊರಿಗೆಲ್ಲ ಸಾರುವ ಅಗತ್ಯವಿಲ್ಲ.

ನೀವು ಬರೆದಿಟ್ಟ ಸಮಯಗಳ ಸರಾಸರಿ ತೆಗೆದು ‘ಒಬ್ಬರಿಗೆ ಸುಮಾರು 8 ನಿಮಿಷ’ ಎಂದು ಪಕ್ಕದಲ್ಲೇ ಬರೆಯಿರಿ. ಈಗ 11 ನಡೆಯುತ್ತಿದ್ದು ತಮ್ಮದು 23 ಆದರೆ ಹನ್ನೆರಡು ಸರದಿ, ಅಂದರೆ ಒಂದೂವರೆ ಗಂಟೆಗೆ ಸ್ವಲ್ಪ ಮೇಲೆ ಎಂದು ಅವರೇ ಲೆಕ್ಕ ಹಾಕಿ ಕಾಫಿ ಕುಡಿದು ಬರುತ್ತಾರೆ. ಹೊರಗೆ ಹೋದಾಗ ನಂಬರು ದಾಟಿಹೋದರೆ ಏನು ಎಂಬ ನಿಯಮವೂ ಬರಹದಲ್ಲಿರಲಿ: ‘ಬಂದ ಮೇಲೆ ಇಬ್ಬರ ನಂತರ ನಿಮ್ಮ ಸರದಿ’. ಈ ಒಂದು ಸಾಲಿಲ್ಲದಿದ್ದರೆ ಯಾರೂ ಹೊರಗೆ ಹೋಗುವ ಧೈರ್ಯ ಮಾಡುವುದಿಲ್ಲ.

ಜಗಳ ಹುಟ್ಟುವುದು ಎರಡು ಕಡೆ. ಒಂದು, ‘ಬರೀ ರಿಪೋರ್ಟ್ ತೋರಿಸ್ಬೇಕು, ಎರಡೇ ನಿಮಿಷ’ ಎಂದು ಬರುವವರು. ಅವರಿಗೆ ಬೇರೆ ಬಣ್ಣದ ಟೋಕನ್ ಕೊಟ್ಟು, ಮೂರು ಮಾಮೂಲಿ ಟೋಕನ್ನಿಗೆ ಒಂದರಂತೆ ಒಳಗೆ ಬಿಡಿ. ಇನ್ನೊಂದು, ತುರ್ತು ರೋಗಿ. ಅವರಿಗೆ ಕೆಂಪು ಟೋಕನ್ ಕೊಟ್ಟು ಬೋರ್ಡಿನಲ್ಲೂ ‘ತುರ್ತು’ ಎಂದು ತೋರಿಸಿ. ಕಾರಣ ಕಂಡರೆ ಕಾಯುವವರು ಒಪ್ಪುತ್ತಾರೆ. ಹಿಂಬಾಗಿಲಿನಿಂದ ಒಬ್ಬರನ್ನು ಬಿಟ್ಟದ್ದು ಕಂಡರೆ ಮಾತ್ರ ಆ ದಿನದ ಟೋಕನ್ ವ್ಯವಸ್ಥೆಯೇ ಕುಸಿಯುತ್ತದೆ, ಎಲ್ಲರೂ ಮತ್ತೆ ಬಾಗಿಲಿಗೆ ಬರುತ್ತಾರೆ.

ಕುರ್ಚಿಗಳ ಲೆಕ್ಕ

ಮೂರು ಜನ ಕೂರುವ ಸ್ಟೀಲ್ ಕುರ್ಚಿಯ ಉದ್ದ ಸುಮಾರು 6 ಅಡಿ, ಆಳ 2 ಅಡಿ. ಡಾಕ್ಟರ ಬಾಗಿಲು ಒಳಗಿನ ಗೋಡೆಯ ಒಂದು ಮೂಲೆಯಲ್ಲಿದೆ ಎಂದುಕೊಳ್ಳಿ. ಆ ಮೂಲೆಯಿಂದ ಪ್ರವೇಶದವರೆಗೆ ಹೋಗುವ ಉದ್ದನೆಯ ಗೋಡೆಗುಂಟ ನಾಲ್ಕೂವರೆ ಅಡಿ ಹಾದಿ ಬಿಡಿ. ಉಳಿದ ಏಳೂವರೆ ಅಡಿಯಲ್ಲಿ ಮೂರು ಸಾಲು ಕುರ್ಚಿ, ಎಲ್ಲವೂ ನಂಬರಿನ ಬೋರ್ಡಿಗೆ ಮುಖ ಮಾಡಿ. ಗೋಡೆ ಕಡೆ ಒಂದೂವರೆ ಅಡಿ ಸಂದು ಉಳಿಯುತ್ತದೆ. ಮುಂದಿನ ಸಾಲಿನ ಬೆನ್ನಿಗೂ ಹಿಂದಿನ ಸಾಲಿನ ಸೀಟಿಗೂ ನಡುವೆ 21 ಇಂಚು. ಮೊದಲ ಸಾಲಿನ ಮುಂದೆ ಒಳಗಿನ ಗೋಡೆಯವರೆಗೆ 5 ಅಡಿ ಖಾಲಿ. ಕೂಡಿಸಿ ನೋಡಿದರೆ ಪ್ರವೇಶದ ಕಡೆ ಕೌಂಟರ್‌ಗೆ ಐದೂವರೆ ಅಡಿ ಉಳಿಯುತ್ತದೆ.

ಸಾಲಿಗೆ ಮೂರಕ್ಕಿಂತ ಹೆಚ್ಚು ಸೀಟು ಬೇಡ. ಉದ್ದನೆಯ ಸಾಲಿನಲ್ಲಿ ನಡುವಿನ ಸೀಟು ಖಾಲಿ ಉಳಿಯುವುದು, ಅಪರಿಚಿತರ ಮೊಣಕಾಲು ದಾಟಿ ಹೋಗಲು ಜನ ಹಿಂಜರಿಯುವುದರಿಂದ. ಎರಡನೇ ಸಾಲಿನಲ್ಲಿ ಹಾದಿಯ ಕಡೆಯ ಒಂದು ಸೀಟು ಬಿಟ್ಟರೆ ವೀಲ್‌ಚೇರ್‌ಗೆ ಜಾಗ ಸಿಗುತ್ತದೆ. ಡಾಕ್ಟರ ಬಾಗಿಲ ಮುಂದಿನ 5×5 ಅಡಿ ಜಾಗಕ್ಕೆ ಏನನ್ನೂ ತರಬೇಡಿ, ವೀಲ್‌ಚೇರ್ ತಿರುಗಲು ಅಷ್ಟು ಬೇಕೇ ಬೇಕು. ಕೌಂಟರ್ ಬಳಿ ಕೈಹಿಡಿ ಇರುವ, 18 ಇಂಚು ಎತ್ತರದ ಎರಡು ಗಟ್ಟಿ ಕುರ್ಚಿ ವಯಸ್ಸಾದವರಿಗೆ. ಮೊಣಕಾಲು ನೋವಿನವರು ಮೆತ್ತನೆಯ ತಗ್ಗು ಸೋಫಾದಲ್ಲಿ ಕೂತರೆ ಏಳಲಾರರು. ಅದು ಗೊತ್ತಿದ್ದೇ ಎಷ್ಟೋ ಜನ ನಿಂತಿರುತ್ತಾರೆ.

ಒಂದು ಬೆಂಚು ಮಾತ್ರ ವಿಶೇಷ. ಆ ಖಾಲಿ ಚೌಕದ ಪಕ್ಕ, ಒಳಗಿನ ಗೋಡೆಗೆ ತಾಗಿಸಿ ಮೂರು ಸೀಟಿನ ಬೇರೆ ಬಣ್ಣದ ಬೆಂಚು ಇಟ್ಟು ‘ಮುಂದಿನ ಮೂವರು’ ಎಂದು ಬರೆಯಿರಿ. ಬಾಗಿಲ ಬಳಿ ಇರಬೇಕೆಂಬ ಆಸೆ ಸಹಜವಾದದ್ದು, ಅದಕ್ಕೊಂದು ಜಾಗ ಕೊಟ್ಟರೆ ಮುಗಿಯಿತು. ಆ ಬೆಂಚಿಗೆ ಕರೆ ಬರುತ್ತದೆ ಎಂದು ಗೊತ್ತಾದವರು ಹಿಂದಿನ ಸಾಲಿನಲ್ಲಿ ನೆಮ್ಮದಿಯಾಗಿ ಕೂರುತ್ತಾರೆ.

ಮೊದಲ ವಾರ ಜನ ಕುರ್ಚಿ ಎಳೆದು ಮತ್ತೆ ಗೋಡೆಗೆ ತಳ್ಳಬಹುದು. ಇದು ಹೊಸದೇನಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಮತ್ತು ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ವೃದ್ಧೆಯರ ವಾರ್ಡಿನಲ್ಲಿ ಗೋಡೆಗುಂಟ ಇದ್ದ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇಡಿಸಿದಾಗಲೂ ಮೊದಲು ವಿರೋಧವೇ ಬಂತು. ಕೆಲ ವಾರ ಹಾಗೇ ಬಿಟ್ಟ ಮೇಲೆ ಆ ಮಹಿಳೆಯರ ನಡುವಿನ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಲ್ಲಿ ಮಾತು ಬೆಳೆಯಬೇಕಿತ್ತು, ಅದಕ್ಕೇ ಮೇಜಿನ ಸುತ್ತ ಕೂರಿಸಿದರು. ಕ್ಲಿನಿಕ್‌ನಲ್ಲಿ ಕೆಮ್ಮುವವರು ಎದುರುಬದುರು ಕೂರುವುದು ಬೇಡ, ಅದಕ್ಕೇ ಸಾಲು.

ಜೊತೆಗೆ ಬಂದವರಿಗೆ ಜಗಲಿ

ನಮ್ಮ ಕಡೆ ಒಬ್ಬ ರೋಗಿಯ ಜೊತೆ ಇಬ್ಬರು ಮೂವರು ಬರುವುದು ವಾಡಿಕೆ. ಅದು ಪ್ರೀತಿಯಿಂದ ಬರುವ ವಾಡಿಕೆ, ತಡೆಯಲು ಹೋಗಬೇಡಿ. ಅವರಿಗೆ ಹೊರಗೆ ಕೂರುವ ಜಾಗ ಮಾಡಿ. ಮಳಿಗೆಯ ಮುಂಗೋಡೆಗೆ ತಾಗಿ 16ರಿಂದ 18 ಇಂಚು ಎತ್ತರ, 15 ಇಂಚು ಆಳದ ಜಗಲಿ ಕಟ್ಟಿಸಿ. ಕಟ್ಟಡದ ಮಾಲೀಕರು ಒಪ್ಪದಿದ್ದರೆ ಕಬ್ಬಿಣದ ಚೌಕಟ್ಟಿಗೆ ಕಡಪ ಕಲ್ಲು ಕೂರಿಸಿದ ಬೆಂಚೂ ಆದೀತು. ಬಾಗಿಲ ಜಾಗ ಬಿಟ್ಟು 8 ಅಡಿ ಜಗಲಿ ಸಿಕ್ಕರೆ, ಒಬ್ಬರಿಗೆ 20 ಇಂಚಿನಂತೆ ನಾಲ್ಕು ಜನ ಕೂರಬಹುದು. ಮೇಲೆ ನೆರಳು ಬೇಕು, ಕೈಗೆಟಕುವಂತೆ ಕುಡಿಯುವ ನೀರು ಬೇಕು.

ಜಗಲಿ ಖಾಲಿ ಬಿದ್ದಿದ್ದರೆ ಕಾರಣ ಬಹುಪಾಲು ಒಂದೇ: ಒಳಗಿನ ನಂಬರು ಅಲ್ಲಿಗೆ ಕೇಳಿಸುತ್ತಿಲ್ಲ. ಒಂದು ಸಣ್ಣ ಸ್ಪೀಕರ್ ಹಾಕಿ.

ಮೆಟ್ಟಿಲ ವಿಚಾರವೂ ಇಲ್ಲೇ. ಚರಂಡಿಯ ಚಪ್ಪಡಿ ದಾಟಿ ಎರಡು ಮೆಟ್ಟಿಲು ಹತ್ತುವ ಮಳಿಗೆಗಳೇ ಹೆಚ್ಚು. ರ‍್ಯಾಂಪ್‌ಗೆ ಒಂದಕ್ಕೆ ಹನ್ನೆರಡರ ಲೆಕ್ಕ, 12 ಇಂಚು ಏರಲು 12 ಅಡಿ ಉದ್ದ ಬೇಕು. ಮೂರಡಿಯ ಕಬ್ಬಿಣದ ತಗಡು ಹಾಕಿದರೆ ಅದರ ಮೇಲೆ ಸ್ಕೂಟರ್ ಹತ್ತುತ್ತದೆ, ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. ರಸ್ತೆಗೆ ಚಾಚದೆ ಮುಂಗೋಡೆಗೆ ಸಮಾನಾಂತರವಾಗಿ ರ‍್ಯಾಂಪ್ ಎಳೆಯಿರಿ.

ಚಪ್ಪಲಿ

ಚಪ್ಪಲಿ ರಾಶಿ ಬೀಳುವುದು ನೆಲ ಬದಲಾಗುವ ಗೆರೆಯಲ್ಲಿ. ಒರಟು ಸಿಮೆಂಟು ಮುಗಿದು ಹೊಳೆಯುವ ಟೈಲ್ಸ್ ಶುರುವಾಗುವ ಕಡೆ ಕಾಲು ತಾನಾಗಿ ನಿಲ್ಲುತ್ತದೆ. ಆ ಗೆರೆ ಹೊಸ್ತಿಲಲ್ಲೇ ಇದ್ದರೆ ರಾಶಿಯೂ ಹೊಸ್ತಿಲಲ್ಲೇ, ವಯಸ್ಸಾದವರು ಅದನ್ನೇ ಎಡವುತ್ತಾರೆ. ಬಾಗಿಲಿಗೆ ನಾಲ್ಕು ಅಡಿ ಮೊದಲೇ ಬೇರೆ ಬಣ್ಣದ ಮ್ಯಾಟ್ ಹಾಕಿ, ಅದರ ಪಕ್ಕ ಸ್ಟ್ಯಾಂಡ್ ಇಡಿ. ಒಂದು ಜೊತೆಗೆ 10 ಇಂಚು ಅಗಲ ಬೇಕು.

ಆದರೆ ಸಕ್ಕರೆ ಕಾಯಿಲೆಯವರು ಬರುವ ಕ್ಲಿನಿಕ್ ಆಗಿದ್ದರೆ ಚಪ್ಪಲಿ ಬಿಡಿಸಲೇಬೇಡಿ. ಪಾದದ ಸ್ಪರ್ಶ ಕಳೆದುಕೊಂಡವರು ಬರಿಗಾಲಲ್ಲಿ ನಡೆಯಬಾರದು ಎಂದು ಒಳಗೆ ಡಾಕ್ಟರು ಹೇಳುತ್ತಾರೆ, ಹೊರಗಿನ ಬೋರ್ಡು ಅದಕ್ಕೆ ಎದುರಾಗಿ ನಿಲ್ಲಬಾರದು. ದಪ್ಪ ಕಾಲೊರಸು ಹಾಕಿ, ಎರಡು ಹೊತ್ತು ನೆಲ ಒರೆಸಿ.

ಬಿಸಿಲು ಮತ್ತು ಗಾಳಿ

ಸಂಜೆ ಐದರ ಪಾಳಿಯಲ್ಲಿ ಪಶ್ಚಿಮದ ಕಿಟಕಿ ಪಕ್ಕದ ಸೀಟು ಯಾರಿಗೂ ಬೇಡ. ಮಾರ್ಚ್, ಏಪ್ರಿಲ್‌ನಲ್ಲಂತೂ ಅಲ್ಲಿನವರೆಲ್ಲ ಎದ್ದು ಡಾಕ್ಟರ ಬಾಗಿಲ ಕಡೆಗೇ ಸರಿಯುತ್ತಾರೆ. ಇಳಿಬಿಸಿಲು ಸಜ್ಜಾದ ಕೆಳಗಿನಿಂದ ನೇರ ಒಳಗೆ ಬರುವುದರಿಂದ ಸಜ್ಜಾ ಉದ್ದ ಮಾಡಿಸಿ ಪ್ರಯೋಜನವಿಲ್ಲ. ಬಿದಿರಿನ ಪರದೆಯನ್ನು ಕಿಟಕಿಯ ಹೊರಗೆ ಇಳಿಬಿಡಿ. ಒಳಗೆ ಬಟ್ಟೆಯ ಪರದೆ ಹಾಕಿದರೆ ಬಿಸಿ ಅಷ್ಟರಲ್ಲೇ ಗಾಜು ದಾಟಿ ಬಂದಿರುತ್ತದೆ.

ಗಾಳಿ ಎತ್ತ ಹರಿಯುತ್ತಿದೆ ಎಂದು ನೋಡಲು ಒಂದು ಊದುಬತ್ತಿ ಸಾಕು. ಫ್ಯಾನು ನಿಲ್ಲಿಸಿ, ಕಿಟಕಿ ತೆರೆದು, ಕೌಂಟರ್ ಬಳಿ, ನಡುವಿನ ಸಾಲಿನಲ್ಲಿ, ಡಾಕ್ಟರ ಬಾಗಿಲಲ್ಲಿ ಹಿಡಿದು ನೋಡಿ. ಹೊಗೆ ಸಿಬ್ಬಂದಿಯಿಂದ ಕಾಯುವವರ ಕಡೆಗೆ, ಅಲ್ಲಿಂದ ಹೊರಕ್ಕೆ ಹೋಗಬೇಕು. ತಿರುಗುಮುರುಗಾಗಿದ್ದರೆ ಎಕ್ಸಾಸ್ಟ್ ಫ್ಯಾನಿನ ಜಾಗ ಬದಲಿಸಿ. ಕೆಮ್ಮುವವರನ್ನು ಎಕ್ಸಾಸ್ಟ್ ಹತ್ತಿರದ ಸೀಟಿನಲ್ಲಿ, ಸಾಧ್ಯವಾದರೆ ಹೊರಗಿನ ಜಗಲಿಯಲ್ಲೇ ಕೂರಿಸಿ.

ಕಿಟಕಿಯಾಚೆ ಒಂದು ಹೊಂಗೆ ಮರವಿದ್ದರೆ ಔಷಧ ಕಂಪನಿಯ ಪೋಸ್ಟರ್ ಅಂಟಿಸಿ ಅದನ್ನು ಮುಚ್ಚಬೇಡಿ. 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ಹೋಲಿಸಲಾಗಿತ್ತು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಪ್ರಬಲ ನೋವುನಿವಾರಕವನ್ನೂ ಕಡಿಮೆ ಪಡೆದಿದ್ದರು. ಅದು ಒಳರೋಗಿಗಳ ಕಥೆ ನಿಜ. ಆದರೂ ಇರುವ ಮರವನ್ನು ಮುಚ್ಚಲು ಕಾರಣವಿಲ್ಲ.

ಒಳಗಿನ ಮಾತು ಹೊರಗೆ ಬರದಿರಲಿ

ಇದನ್ನು ಯಾರೂ ಕೇಳಿ ಮಾಡಿಸುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ ಇದೇ. ಪ್ಲೈವುಡ್ ಅಡ್ಡಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಬಂದಿದ್ದರೆ ಒಳಗಿನ ಮಾತು ಅದರ ಮೇಲಿಂದ ಹಾದು ಮೊದಲ ಸಾಲಿಗೆ ಸ್ಪಷ್ಟವಾಗಿ ಕೇಳುತ್ತದೆ. ತನಗಿಂತ ಮೊದಲು ಒಳಗೆ ಹೋದವರ ಮಾತು ತನಗೆ ಕೇಳಿಸಿದ್ದರಿಂದ ತನ್ನ ಮಾತೂ ಹೊರಗೆ ಕೇಳುತ್ತದೆ ಎಂದು ರೋಗಿಗೆ ಗೊತ್ತು. ಮುಟ್ಟಿನ ತೊಂದರೆ, ಕುಡಿತ, ಮನೆಯ ಹೊಡೆತ ಯಾವುದೂ ಬಾಯಿಗೆ ಬರುವುದಿಲ್ಲ. ಅಡ್ಡಗೋಡೆಯನ್ನು ಮೇಲಿನ ಕಾಂಕ್ರೀಟ್ ಚಾವಣಿಯವರೆಗೂ ಏರಿಸಿ ಸಂದು ಮುಚ್ಚಿಸಿ. ಬಾಗಿಲ ಕೆಳಗಿನ ಬಿರುಕಿಗೆ ರಬ್ಬರ್ ಪಟ್ಟಿ ಹಾಕಿ. ಬಾಗಿಲು ಅರ್ಧ ತೆರೆದಾಗ ಹೊರಗಿನವರಿಗೆ ಗೋಡೆ ಕಾಣಬೇಕು, ಪರೀಕ್ಷೆಯ ಮಂಚ ಕಾಣಬಾರದು. ಕಾಣುತ್ತಿದ್ದರೆ ಹಿಂಜನ್ನು ಆಚೆ ಬದಿಗೆ ಹಾಕಿಸಿ, ಬಡಗಿಗೆ ಅರ್ಧ ದಿನದ ಕೆಲಸ.

ಹಾಲ್‌ನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಎಳೆದುಕೊಂಡು ಹೋದರೆ ಟೈಲ್ಸ್, ಗಾಜು ಎಲ್ಲ ಮಾತನ್ನು ವಾಪಸ್ ಎಸೆಯುತ್ತಿವೆ, ಒಬ್ಬರ ಮಾತು ಮುಚ್ಚಲು ಇನ್ನೊಬ್ಬರು ದನಿ ಏರಿಸುತ್ತಾರೆ. ಚಾವಣಿಯ ಕಾಲು ಭಾಗಕ್ಕೆ ಸದ್ದು ಹೀರುವ ಫಲಕ, ಒಂದು ಗೋಡೆಗೆ ದೊಡ್ಡ ಸಾಫ್ಟ್‌ಬೋರ್ಡ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಟಿವಿ ಇದ್ದರೆ ಸದ್ದಿಲ್ಲದೆ ಓಡಲಿ, ಕೂಗುವ ನಂಬರು ಕೇಳಬೇಕಲ್ಲ.

ಗೋಡೆಯ ಬಣ್ಣದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಯಾವ ಬಣ್ಣಕ್ಕೆ ಯಾವ ಮನಸ್ಥಿತಿ ಎಂಬ ಪಟ್ಟಿಗಳಿಗೆ ಗಟ್ಟಿ ಆಧಾರ ಕಡಿಮೆ. ಶೌಚಾಲಯದ ಬಾಗಿಲು ಗೋಡೆಯಿಂದ ಬೇರೆಯಾಗಿ ಎದ್ದು ಕಾಣಲಿ, ಮೆಟ್ಟಿಲಂಚಿಗೆ ಎರಡು ಇಂಚಿನ ಹಳದಿ ಪಟ್ಟಿ ಇರಲಿ, ಅಷ್ಟು ಸಾಕು. ಕೌಂಟರ್‌ನ ಒಂದು ಭಾಗ 30 ಇಂಚು ಎತ್ತರದಲ್ಲಿದ್ದರೆ ಕೂತೇ ಹೆಸರು ಬರೆಸಬಹುದು.

ಎಲ್ಲ ಮುಗಿದು ಎರಡು ವಾರ ಕಳೆದ ಮೇಲೆ ಉಳಿದ ಎರಡು ನಕ್ಷೆ ತೆಗೆದು, ವಾರದ ಅದೇ ದಿನಗಳಂದು, ಅದೇ ಹೊತ್ತಿಗೆ ಮತ್ತೆ ಚುಕ್ಕೆ, ಗೆರೆ ಹಾಕಿ ಹಳೆಯದರ ಪಕ್ಕ ಇಟ್ಟು ನೋಡಿ. ಬಾಗಿಲ ಬಳಿ ಅಡ್ಡಗೆರೆ ಇನ್ನೂ ಗುಂಪಾಗಿದ್ದರೆ ಮೊದಲು ಕೊನೆಯ ಸಾಲಿನಲ್ಲಿ ಕೂತು ನಂಬರು ಓದಿ, ಆಮೇಲೆ ಜಗಲಿಯಲ್ಲಿ ಕೂತು ಕೂಗು ಕೇಳುತ್ತದೆಯೇ ನೋಡಿ. ಎರಡೂ ಸರಿಯಿದ್ದರೆ ಟೋಕನ್ ಮೀರಿ ಯಾರನ್ನು ಒಳಗೆ ಬಿಡಲಾಗುತ್ತಿದೆ ಎಂದು ಕೌಂಟರ್‌ನವರನ್ನು ಕೇಳಿ.