ಹಗಲು ಬಿಡಿ, ಕತ್ತಲಿಗೆ ಮೊದಲು ಮುಚ್ಚಿ: ಹಿತ್ತಲ ಕೋಳಿ ಉಳಿಸಿಕೊಳ್ಳುವ ಬಗೆ

ಆ ರಾತ್ರಿ ನಮ್ಮ ಗೂಡಿನಲ್ಲಿ ಒಂಬತ್ತು ಕೋಳಿಗಳಿದ್ದವು. ಬೆಳಿಗ್ಗೆ ಉಳಿದದ್ದು ಎರಡು. ಜಾಲರಿ ಹರಿದಿರಲಿಲ್ಲ, ಬಾಗಿಲು ಮುರಿದಿರಲಿಲ್ಲ. ಮನೆಗೆ ನೆಂಟರು ಬಂದಿದ್ದರು. ಆ ಗಡಿಬಿಡಿಯಲ್ಲಿ ಗೂಡಿನ ಬಾಗಿಲು ಹಾಕುವಾಗ ಏಳೂವರೆ ದಾಟಿತ್ತು. ಅಷ್ಟರಲ್ಲಿ ಕಬ್ಬೆಕ್ಕು (ಪುನುಗು ಬೆಕ್ಕಿನ ಹತ್ತಿರದ ಸಂಬಂಧಿ) ಒಳಗೆ ಸೇರಿಕೊಂಡಾಗಿತ್ತು. ನಾನು ಹೊರಗಿನಿಂದ ಚಿಲಕ ಹಾಕಿ ಬಂದೆ. ಜುಲೈ ಮಳೆ ಹಂಚಿನ ಮೇಲೆ ಸುರಿಯುವಾಗ ಕೋಳಿಗಳ ಕೂಗು ಕೇಳಿಸಲೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಅದು ನನ್ನ ಕಾಲ ಪಕ್ಕದಲ್ಲೇ ಹಾರಿ ಓಡಿತು.

ನಮ್ಮದು ಮಲೆನಾಡಿನ ಅಡಿಕೆ ತೋಟದ ಅಂಚಿನ ಮನೆ. ಹಿತ್ತಲು ದಾಟಿದರೆ ಕಾಡು. ಕಬ್ಬೆಕ್ಕು, ಮುಂಗುಸಿ, ಕಾಡುಬೆಕ್ಕು, ನರಿ, ಕೇರೆಹಾವು, ಹೆಬ್ಬಾವು, ಉಡ, ಗಿಡುಗ, ಕಾಗೆ ಎಲ್ಲವೂ ಇಲ್ಲಿವೆ. ಇಷ್ಟಾದರೂ ಕೋಳಿಗಳನ್ನು ದಿನವಿಡೀ ಕೂಡಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತರಗೆಲೆ ಕೆದಕಿ ಗೆದ್ದಲು ಹೆಕ್ಕುವುದು, ಬಿಸಿಲಲ್ಲಿ ಮಣ್ಣಿನ ಸ್ನಾನ ಮಾಡುವುದು, ಸಂಜೆ ಗುಂಪಾಗಿ ಮನೆಗೆ ಬರುವುದು, ಇದೇ ಅಲ್ವಾ ಕೋಳಿಯ ಬದುಕು? ಹಾಗಾಗಿ ಬಿಟ್ಟು ಸಾಕುತ್ತಲೇ ಉಳಿಸಿಕೊಳ್ಳುವುದು ಹೇಗೆ ಅಂತ ಕಲಿಯಬೇಕಾಯಿತು. ಆ ರಾತ್ರಿ ಕಲಿಸಿದ ಮೊದಲ ಪಾಠ ಹೊತ್ತಿನದು. ಎಷ್ಟು ದುಬಾರಿ ಜಾಲರಿ ಹಾಕಿದರೂ ಬಾಗಿಲು ಮುಚ್ಚುವ ಹೊತ್ತು ತಪ್ಪಿದರೆ ಪ್ರಯೋಜನವಿಲ್ಲ.

ಬರುತ್ತಿರುವುದು ಯಾರು?

ಕೋಳಿ ಕಾಣೆಯಾದ ಕೂಡಲೇ ಮುಂಗುಸಿಯ ಮೇಲೆ ತಪ್ಪು ಹೊರಿಸುವುದು ನಮ್ಮ ರೂಢಿ. ಮೊದಲು ಸುತ್ತ ನೋಡಿ. ಗುರುತುಗಳು ಬಹಳಷ್ಟು ಹೇಳುತ್ತವೆ.

ಹಗಲಲ್ಲಿ ಮರಿಗಳು ಒಂದೊಂದಾಗಿ ಮಾಯವಾಗುತ್ತಿವೆ, ಒಂದು ಪುಕ್ಕವೂ ಬಿದ್ದಿಲ್ಲ ಎಂದರೆ ಕಾಗೆ, ಹದ್ದು ಅಥವಾ ಗಿಡುಗ ಇರಬಹುದು. ಕಿತ್ತ ಪುಕ್ಕ ಒಂದೇ ಕಡೆ ಸುತ್ತಲೂ ಹರಡಿದ್ದರೆ ಹಕ್ಕಿ ಅಲ್ಲೇ ಕೂತು ತಿಂದಿದೆ. ಗೂಡಿನೊಳಗೆ ಹಲವು ಕೋಳಿಗಳ ಕತ್ತು ಕಚ್ಚಿ ಹಾಕಿ, ಸ್ವಲ್ಪವೇ ತಿಂದು ಹೋಗಿದ್ದರೆ ಕಬ್ಬೆಕ್ಕು ಅಥವಾ ಮುಂಗುಸಿ. ಕಬ್ಬೆಕ್ಕು ಬರುವುದು ರಾತ್ರಿ, ಮುಂಗುಸಿ ಹಗಲಿನ ಪ್ರಾಣಿ. ಆದ್ದರಿಂದ ಯಾವ ಹೊತ್ತಿನಲ್ಲಿ ಆಯಿತು ಎಂಬುದೂ ಮುಖ್ಯ. ದೊಡ್ಡ ಕೋಳಿಯೇ ಇಡಿಯಾಗಿ ಹೋಗಿದೆ, ಬೇಲಿಯವರೆಗೆ ಪುಕ್ಕದ ಸಾಲು ಇದೆ ಎಂದರೆ ಕಾಡುಬೆಕ್ಕು, ನರಿ ಅಥವಾ ನಾಯಿ. ಸುಮ್ನೆ ಅಟ್ಟಾಡಿಸಿ ನಾಲ್ಕೈದನ್ನು ಕೊಂದು, ತಿನ್ನದೆ ಬಿಟ್ಟು ಹೋಗುವುದು ಹೆಚ್ಚಾಗಿ ನಾಯಿಗಳೇ. ಮೊಟ್ಟೆ ಚಿಪ್ಪು ಸಮೇತ ಕಾಣೆಯಾದರೆ ಹಾವನ್ನು ನೆನೆಸಿಕೊಳ್ಳಿ. ಸತ್ತ ಮರಿಯ ಮೈ ಒದ್ದೆಯಾಗಿದ್ದರೆ ಹಾವು ನುಂಗಲು ನೋಡಿ ಬಿಟ್ಟಿರುತ್ತದೆ.

ಇನ್ನೂ ಅನುಮಾನವಿದ್ದರೆ ಸಂಜೆ ಗೂಡಿನ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ. ಮಳೆ ಇಲ್ಲದ ದಿನ ಬೆಳಿಗ್ಗೆ ಹೆಜ್ಜೆ ಸಿಗುತ್ತದೆ. ಕಾಡುಬೆಕ್ಕಿನದಾದರೆ ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿ, ನರಿಯದಾದರೆ ನಾಲ್ಕು ಬೆರಳಿನ ಜೊತೆ ಉಗುರೂ ಮೂಡಿರುತ್ತದೆ. ಹಾವಿನದು ಕಾಲಿಲ್ಲದ ಡೊಂಕು ಗೆರೆ.

ರಾತ್ರಿಯ ಗೂಡು

ಇಲ್ಲಿ ಜಿಪುಣತನ ಬೇಡ. ಹತ್ತು ಕೋಳಿಗೆ 4 ಅಡಿಗೆ 5 ಅಡಿಯ ಗೂಡು ಸಾಕು. ಅಂದರೆ ಒಂದಕ್ಕೆ 2 ಚದರ ಅಡಿ. ಹಗಲು ಹೇಗೂ ಹೊರಗೇ ಇರುತ್ತವೆ.

ಗೂಡನ್ನು ನೆಲದಿಂದ 3 ಅಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿ. ಪ್ರತಿ ಕಂಬಕ್ಕೂ ಒಂದೂವರೆ ಅಡಿ ಉದ್ದಕ್ಕೆ ನುಣುಪಾದ ತಗಡು ಸುತ್ತಿ. ಇಲಿ, ಹೆಗ್ಗಣ ಹತ್ತುವುದು ನಿಲ್ಲುತ್ತದೆ. ಕಬ್ಬೆಕ್ಕು ಮರ ಹತ್ತುವ ಪ್ರಾಣಿ. ಗೂಡಿನ ಮೇಲೆ ಯಾವ ಕೊಂಬೆಯೂ ಚಾಚಿರಬಾರದು. ಇದ್ದರೆ ಕಡಿಯಿರಿ.

ಗೂಡಿನ ನೆಲಕ್ಕೆ ನಮ್ಮಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಾಕುತ್ತೇವೆ. ಬೆರಳಗಲ ಸಂದಿ ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ. ಗೂಡು ಒಣಗಿರುತ್ತದೆ. ಆದರೆ ಆ ಸಂದಿಯಿಂದಲೇ ಕೋಳಿಯ ಕಾಲು ಹಿಡಿದು ಎಳೆಯುವ ಪ್ರಾಣಿಗಳಿವೆ. ದಬ್ಬೆಯ ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಬಿಗಿಯಿರಿ.

ಜಾಲರಿಯ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಅಂಗಡಿಯಲ್ಲಿ 'ಕೋಳಿ ಮೆಶ್' ಅಂತ ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹಲ್ಲಲ್ಲೇ ಹರಿಯುತ್ತದೆ. ಸಣ್ಣ ಹಾವು, ಇಲಿ ಅದರ ಕಣ್ಣಲ್ಲೇ ತೂರುತ್ತವೆ. ಗೋಡೆಯ ಮೇಲರ್ಧಕ್ಕೆ ಗಾಳಿಯಾಡಲು ಜಾಲರಿ ಬೇಕೇ ಬೇಕು. ಅಲ್ಲೂ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಇರಲಿ. ಅದನ್ನು ಹೊರಗಿನಿಂದ ಹಾಸಿ, ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಮೊಳೆ ಹೊಡೆಯಿರಿ. ಬರೀ ಮೊಳೆ ಬಾಗಿಸಿದರೆ ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ.

ಬಾಗಿಲಿಗೆ ಒಂದು ಚಿಲಕ, ಅದರ ಮೇಲೊಂದು ಕೊಕ್ಕೆ. ಮುಚ್ಚಿದಾಗ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಸಂದಿ ಕಂಡರೆ ಅದನ್ನೂ ಮುಚ್ಚಿ. ಒಳಗೆ ಕೂರಲು ದುಂಡನೆಯ ಗಳು ಕಟ್ಟಿ, ಒಂದು ಕೋಳಿಗೆ 8ರಿಂದ 10 ಇಂಚು ಜಾಗದ ಲೆಕ್ಕದಲ್ಲಿ. ಗಳು ಜಾಲರಿಗೆ ತಾಗಿರಬಾರದು.

ಎತ್ತರದ ಗೂಡು ಕಟ್ಟಲಾಗದೆ ನೆಲದ ಮೇಲೆಯೇ ಕಟ್ಟುವವರು ಬುಡದ ಸುತ್ತ ಹೊರಮುಖವಾಗಿ ಒಂದಡಿ ಅಗಲ ಜಾಲರಿ ಹಾಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡಲು ಶುರುಮಾಡುತ್ತದೆ. ಉಗುರಿಗೆ ಜಾಲರಿ ಸಿಕ್ಕಿದರೆ ಹಿಂದೆ ಸರಿಯುತ್ತದೆ.

ಗೂಡು ಮನೆಗೆ ಹತ್ತಿರವಿರಲಿ. ಮಲಗುವ ಕೋಣೆಗೆ ಕೂಗು ಕೇಳುವಷ್ಟು ಹತ್ತಿರ. ಹತ್ತಿರದಲ್ಲಿ ಸೌದೆ ರಾಶಿ, ಹಳೆ ಹಂಚಿನ ರಾಶಿ ಬೇಡ. ಹಾವಿಗೂ ಹೆಗ್ಗಣಕ್ಕೂ ಅದೇ ಮನೆ.

ಸಂಜೆ ಮನೆಗೆ ಬರುವುದನ್ನು ಕಲಿಸುವುದು

ಹೊಸದಾಗಿ ತಂದ ಕೋಳಿಗಳನ್ನು ಮೊದಲ ಏಳರಿಂದ ಹತ್ತು ದಿನ ಹೊರಗೆ ಬಿಡಬೇಡಿ. ಗೂಡಿನಲ್ಲೇ ಮೇವು, ನೀರು ಕೊಡಿ. ಮಲಗುವ ಜಾಗ ಇದೇ ಅಂತ ಅವಕ್ಕೆ ಗಟ್ಟಿಯಾಗಬೇಕು. ಆಮೇಲೆ ಮೊದಲ ಸಲ ಬಿಡುವುದು ಸಂಜೆ. ಕತ್ತಲಾಗಲು ಒಂದು ಗಂಟೆ ಇರುವಾಗ ಬಿಟ್ಟರೆ ದೂರ ಹೋಗಲು ಹೊತ್ತೇ ಇರುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಬೇಗ ಬಿಡುತ್ತಾ ಹೋಗಿ.

ನಮ್ಮತ್ತೆ ಒಂದು ಹಳೇ ಸ್ಟೀಲ್ ಡಬ್ಬಿಯಲ್ಲಿ ನುಚ್ಚಕ್ಕಿ ಹಾಕಿಕೊಂಡು ದಿನಾ ಅದೇ ಹೊತ್ತಿಗೆ ಅಲ್ಲಾಡಿಸುತ್ತಿದ್ದರು. "ಬಾ ಬಾ ಬಾ" ಅಂತ ಒಂದೇ ರಾಗದಲ್ಲಿ ಕರೆಯುತ್ತಿದ್ದರು. ತೋಟದ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿದ್ದವು. ಈಗ ಆ ಡಬ್ಬಿ ನನ್ನ ಕೈಯಲ್ಲಿದೆ. ಸಂಜೆಯ ಆ ಹಿಡಿ ನುಚ್ಚನ್ನು ಗೂಡಿನ ಒಳಗೇ ಹಾಕಬೇಕು, ಅಂಗಳದಲ್ಲಲ್ಲ. ಹೊಟ್ಟೆ ತುಂಬಾ ಅಂಗಳದಲ್ಲೇ ಕೊಟ್ಟುಬಿಟ್ಟರೆ ಒಳಗೆ ಹೋಗಲು ಅವಕ್ಕೆ ಅವಸರವಿರುವುದಿಲ್ಲ.

ಹೊತ್ತು ಮುಳುಗುವುದು ನಮ್ಮಲ್ಲಿ ಡಿಸೆಂಬರ್‌ನಲ್ಲಿ 6 ಗಂಟೆಯ ಸುಮಾರಿಗೆ, ಜೂನ್‌ನಲ್ಲಿ 7ರ ಹತ್ತಿರ. ಮೊಬೈಲ್‌ನಲ್ಲಿ ವರ್ಷವಿಡೀ ಒಂದೇ ಅಲಾರಂ ಇಟ್ಟರೆ ಸರಿಹೋಗದು. ತಿಂಗಳಿಗೊಮ್ಮೆ ಬದಲಾಯಿಸಿ. ಮೋಡ ಕವಿದ ದಿನ ಇನ್ನೂ ಬೇಗ. ಬಾಗಿಲು ಹಾಕುವ ಮುನ್ನ ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿ. ನಾನು ಆ ರಾತ್ರಿ ಮಾಡದೆ ಬಿಟ್ಟದ್ದು ಇದನ್ನೇ. ಜೊತೆಗೆ ಎಣಿಸಿ. ಒಂದು ಕಡಿಮೆಯಿದ್ದರೆ ಮರದ ಮೇಲೆ ನೋಡಿ. ಹಗುರ ಮೈಯ ನಾಟಿ ಕೋಳಿಗಳು ಹಲಸಿನ ಕೊಂಬೆ ಏರಿ ಮಲಗುವ ಚಟ ಹಚ್ಚಿಕೊಳ್ಳುತ್ತವೆ. ಮೊದಲ ದಿನವೇ ಇಳಿಸಿ ತಂದು ಗೂಡಿಗೆ ಹಾಕಿ.

ಬೆಳಿಗ್ಗೆಯೂ ಅವಸರ ಬೇಡ. ನಸುಕಿನಲ್ಲಿ ನರಿ, ಕಾಡುಬೆಕ್ಕು ಇನ್ನೂ ತಿರುಗುತ್ತಿರುತ್ತವೆ. ಒಂಬತ್ತು ಗಂಟೆಗೆ ಬಿಟ್ಟರೆ ಇನ್ನೊಂದು ಲಾಭವಿದೆ. ಹೇಟೆಗಳು ಹೆಚ್ಚಾಗಿ ಬೆಳಿಗ್ಗೆಯೇ ಮೊಟ್ಟೆ ಇಡುವುದರಿಂದ ಬಹುಪಾಲು ಮೊಟ್ಟೆ ಗೂಡಿನಲ್ಲೇ ಸಿಗುತ್ತದೆ. ಪೊದೆಯಲ್ಲಿ ಕದ್ದು ಇಡುವುದು ತಪ್ಪುತ್ತದೆ. ಮೊಟ್ಟೆಯನ್ನು ದಿನಾ ತೆಗೆಯಿರಿ. ಅದರ ರುಚಿ ಹತ್ತಿದ ಕೇರೆಹಾವು ಗೂಡಿನ ದಾರಿ ಮರೆಯುವುದಿಲ್ಲ.

ಹಗಲಿನ ಕಾವಲು

ಮೇಲಿನಿಂದ ಬರುವ ಅಪಾಯಕ್ಕೆ ಮದ್ದು ಪೊದೆ. ಬರೀ ಬೋಳು ಅಂಗಳದಲ್ಲಿ ಕೋಳಿಗೆ ಓಡಿ ಅಡಗಲು ಜಾಗವಿಲ್ಲ. ಹತ್ತು ಹದಿನೈದು ಹೆಜ್ಜೆಗೊಂದು ಆಸರೆ ಇರುವಂತೆ ದಾಸವಾಳ, ಕಾಫಿ ಗಿಡ, ಬಾಳೆ ಬುಡ ಬೆಳೆಸಿ. ಗಿಡ ಬೆಳೆಯುವ ತನಕ ನಾಲ್ಕು ಗೂಟದ ಮೇಲೆ ಸೋಗೆ ಹೊದಿಸಿದ ತಗ್ಗಿನ ಚಪ್ಪರವೂ ಸಾಕು.

ಗುಂಪಿಗೊಂದು ಒಳ್ಳೆ ಹುಂಜ ಬೇಕು. ಅದು ಮೇಯುವುದಕ್ಕಿಂತ ತಲೆಯೆತ್ತಿ ನೋಡುವುದೇ ಹೆಚ್ಚು. ಆಕಾಶದಲ್ಲಿ ಗಿಡುಗ ಕಂಡರೆ ಒಂದು ಕೂಗು, ನೆಲದ ಮೇಲೆ ನಾಯಿ ಕಂಡರೆ ಬೇರೆಯದೇ ಕೂಗು. ಮೊದಲನೆಯದಕ್ಕೆ ಹೇಟೆಗಳು ಪೊದೆಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತವೆ. ಎರಡನೆಯದು 'ಕಕ್ ಕಕ್ ಕಕ್' ಅಂತ ನಿಲ್ಲದ ಗಲಾಟೆ. ಒಂದು ವಾರ ಗಮನವಿಟ್ಟು ಕೇಳಿದರೆ ನಿಮಗೂ ಅಡುಗೆಮನೆಯಲ್ಲಿ ನಿಂತೇ ವ್ಯತ್ಯಾಸ ಗೊತ್ತಾಗುತ್ತದೆ.

ತಳಿ ಆರಿಸುವಾಗಲೂ ಇದು ನೆನಪಿರಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಬೇಗ ತೂಕ ಬರುತ್ತದೆ, ಆದರೆ ಮೈ ಭಾರ. ಅಲ್ಲಿನದೇ ಸ್ವರ್ಣಧಾರ ಅದಕ್ಕಿಂತ ಹಗುರ, ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ಕಾಡಂಚಿನಲ್ಲಿ ಬಿಟ್ಟು ಸಾಕುವವರಿಗೆ ನಾನು ಹೇಳುವುದು ನಾಟಿ ಅಥವಾ ಸ್ವರ್ಣಧಾರ. ಬಿಳಿ ಕೋಳಿ ದೂರಕ್ಕೇ ಎದ್ದು ಕಾಣುತ್ತದೆ. ಕಂದು, ಚುಕ್ಕೆ ಮೈಯವು ತರಗೆಲೆಯಲ್ಲಿ ಕರಗಿಹೋಗುತ್ತವೆ.

ಮನೆ ನಾಯಿಯನ್ನು ಮರಿಯಿದ್ದಾಗಿನಿಂದ ಕೋಳಿಗಳ ನಡುವೆಯೇ ಬೆಳೆಸಿ. ಒಂದು ಸಲ ಅಟ್ಟಿಸಿಕೊಂಡು ಹೋದಾಗಲೇ ಗದರಿಸಿ. ಅದು ಆಟವೆಂದು ನಕ್ಕು ಬಿಟ್ಟರೆ ಆಮೇಲೆ ಕಷ್ಟ. ಹಕ್ಕಿ ಬೆದರಿಸಲು ತೂಗುಹಾಕುವ ಹಳೆ ಸಿ.ಡಿ., ಬೆದರುಬೊಂಬೆಗಳ ಪ್ರಭಾವ ನಾಲ್ಕು ದಿನ. ಜಾಗ ಬದಲಿಸುತ್ತಲೇ ಇದ್ದರೆ ಇನ್ನೂ ಕೆಲವು ದಿನ.

ಮರಿಗಳ ಲೆಕ್ಕ ಬೇರೆ

21 ದಿನ ಕಾವು ಕೂತು ಹೇಟೆ ಮರಿ ಮಾಡಿದ ಮೇಲೆ ಮೊದಲ ಎರಡು ವಾರ ತಾಯಿ, ಮರಿ ಎಲ್ಲವನ್ನೂ ದೊಡ್ಡ ಬಿದಿರಿನ ಬುಟ್ಟಿ ಕವುಚಿ ಸಾಕಿ. ಬುಟ್ಟಿಯ ಮೇಲೊಂದು ಕಲ್ಲು. ನೆರಳಿನ ಜಾಗ ನೋಡಿ ದಿನಕ್ಕೆರಡು ಸಲ ಸರಿಸಿದರೆ ಹೊಸ ಮಣ್ಣು ಕೆದಕಲು ಸಿಗುತ್ತದೆ. ಆಮೇಲೆ ಮೇಲೂ ಜಾಲರಿ ಹೊದಿಸಿದ, 6 ಅಡಿಗೆ 4 ಅಡಿಯ ಚೌಕಟ್ಟಿನೊಳಗೆ ಆರನೇ ವಾರದವರೆಗೆ. ತೆರೆದು ಬಿಟ್ಟರೆ ಕಾಗೆಗಳು ಜೋಡಿಯಾಗಿ ಬರುತ್ತವೆ. ಒಂದು ತಾಯಿಯನ್ನು ಕೆಣಕುತ್ತದೆ, ಇನ್ನೊಂದು ಮರಿ ಎತ್ತುತ್ತದೆ. ರಾತ್ರಿ ಹೆಗ್ಗಣಗಳ ಕಾಟ. ಬುಟ್ಟಿಯನ್ನು ಹೊರಗೆ ಬಿಡದೆ ಮನೆಯೊಳಗೆ ತನ್ನಿ. ಮೊದಲ ವಾರದಲ್ಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿಬಿಡಿ.

ವಿಷ, ಉರುಳು ಬೇಡ

ಕೋಳಿ ಸತ್ತ ಸಿಟ್ಟು ನನಗೂ ಗೊತ್ತು. ಆದರೂ ಸತ್ತ ಕೋಳಿಗೆ ವಿಷ ಸವರಿ ಇಡಬೇಡಿ. ಅದನ್ನು ತಿನ್ನುವುದು ನಿಮ್ಮ ನಾಯಿಯೂ ಆಗಬಹುದು. ಮುಂಗುಸಿ, ಕಬ್ಬೆಕ್ಕು, ಕಾಡುಬೆಕ್ಕು, ಉಡ, ಹೆಬ್ಬಾವು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೊಲ್ಲುವುದು, ಹಿಡಿಯುವುದು ಅಪರಾಧ. ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಹೆಗ್ಗಣವೂ ಹೆಚ್ಚುತ್ತದೆ. ಬೇಲಿಗೆ ಕಟ್ಟುವ ನೈಲಾನ್ ಬಲೆಯ ಬಗ್ಗೆಯೂ ಎಚ್ಚರ. ಅದರಲ್ಲಿ ಹಾವು ಸಿಕ್ಕಿಕೊಂಡು ನರಳಿ ಸಾಯುತ್ತದೆ. ಸಿಕ್ಕಿದ್ದು ಕಂಡರೆ ಕೈ ಹಾಕದೆ ಅರಣ್ಯ ಇಲಾಖೆಯವರಿಗೆ ಅಥವಾ ಹಾವು ಹಿಡಿಯುವವರಿಗೆ ತಿಳಿಸಿ.

ಒಮ್ಮೆ ಕೋಳಿ ಸಿಕ್ಕ ಜಾಗಕ್ಕೆ ಆ ಪ್ರಾಣಿ ಮರುದಿನವೋ ಅದರ ಮಾರನೇ ದಿನವೋ ಮತ್ತೆ ಬರುವುದೇ ಹೆಚ್ಚು. ಆದ್ದರಿಂದ ಉಳಿದ ಕೋಳಿಗಳನ್ನು ಆ ಸಂಜೆ ಬುಟ್ಟಿಯಲ್ಲಿ ಮನೆಯೊಳಗೆ ಇಟ್ಟುಕೊಳ್ಳಿ. ಗೂಡಿನ ಒಳಗೆ ಕೂತು ಯಾರಿಗಾದರೂ ಹೊರಗಿನಿಂದ ಟಾರ್ಚ್ ಬಿಡಲು ಹೇಳಿ. ಜಾಲರಿ ಬಿಟ್ಟು ಬೇರೆ ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಿಗ್ಗೆ ಪಟ್ಟಿ, ಮೊಳೆ, ಸುತ್ತಿಗೆ ಹಿಡಿದು ಆ ಗುರುತುಗಳಿಂದಲೇ ಕೆಲಸ ಶುರುಮಾಡಿ.