17ನೇ ಕ್ಲೋನ್ ನನ್ನ ಬೇಸ್ತು ಬೀಳ್ಸಿದ ಕಥೆ

ದೀಪಾವಳಿಗೆ ದಾವಣಗೆರೆಗೆ ಬಂದಿದ್ದೆ, ಬ್ಯಾಗ್ ಇನ್ನೂ ಕೆಳಗೆ ಇಟ್ಟಿಲ್ಲ, ಅತ್ತೆ ಶುರು ಹಚ್ಕೊಂಡ್ರು. "ಏನವ್ವಾ, ನೀ ಮಾಡೋ ಔಷಧಿ ನಮ್ ಹುಡುಗಂಗೆ ಯಾವಾಗ ಸಿಗ್ತೈತೆ?" ಅತ್ತೆ ಮಗನಿಗೆ ಹೀಮೋಫಿಲಿಯಾ ಬಿ, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 9 ಕಮ್ಮಿ. ಮೊಣಕಾಲಲ್ಲಿ ಒಳಗೊಳಗೇ ರಕ್ತ ಸೋರಿ ಊದ್ಕೊಂಡ್ರೆ ಇಂಜೆಕ್ಷನ್ ಕೊಡಿಸ್ಬೇಕು. ನಾನು ಔಷಧಿ ಮಾಡಲ್ಲ ಅತ್ತೆ, ಔಷಧಿ ಹೊತ್ಕೊಂಡು ಹೋಗೋ ಗಾಡಿ ಜಾಸ್ತಿ ಸಿಗೋ ಹಂಗೆ ಮಾಡ್ತೀನಿ ಅಂದೆ. ಅದಕ್ಕೆ ಅವರ ಮುಖ ಸಪ್ಪಗಾಯ್ತು.

ಗಾಡಿ ಅಂದ್ರೆ ಎಎವಿ ಅನ್ನೋ ಪುಟಾಣಿ ವೈರಸ್. ಅದರ ಸ್ವಂತ ಜೀನ್ ತೆಗೆದು ಒಳಗೆ ನಮಗೆ ಬೇಕಾದ ಜೀನ್ ತುಂಬ್ತೀವಿ. ಹೀಮೋಫಿಲಿಯಾ ಬಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೆಮ್‌ಜೆನಿಕ್ಸ್ ಅನ್ನೋ ಎಎವಿ ಔಷಧಿ ಡೋಸ್ ತಗೊಳ್ಳಿ, ಒಂದು ಕೆಜಿ ತೂಕಕ್ಕೆ 20 ಲಕ್ಷ ಕೋಟಿ ಕಣ. 60 ಕೆಜಿ ಆಳಿಗೆ 12 ಕೋಟಿ ಕೋಟಿ. ನಮ್ಮಂಥ ಲ್ಯಾಬಲ್ಲಿ ಕಲ್ಚರ್, ಅಂದ್ರೆ ದ್ರವದಲ್ಲಿ ಬೆಳೆಸೋ ಸೆಲ್ (ಜೀವಕೋಶ), ಚೆನ್ನಾಗಿ ನಡೆದ್ರೆ ಲೀಟರ್‌ಗೆ ಒಂದು ಕೋಟಿ ಕೋಟಿ ಬರುತ್ತೆ, ಶುದ್ಧ ಮಾಡೋದ್ರಲ್ಲಿ ಅರ್ಧ ಹೋಯ್ತು ಅಂದ್ಕೊಳ್ಳಿ, ಒಬ್ಬನಿಗೆ 24 ಲೀಟರ್ ಕಲ್ಚರ್! (ಆ ಔಷಧಿನ ಹುಳುವಿನ ಸೆಲ್‌ಗಳಲ್ಲಿ ಮಾಡ್ತಾರೆ, ನಾವು ಮನುಷ್ಯರ ಹೆಚ್ಇಕೆ 293 ಸೆಲ್‌ಗಳಲ್ಲಿ, ಆದ್ರೂ ಲೆಕ್ಕ ಅರ್ಥ ಆಗ್ಲಿ ಅಂತ ಹೇಳ್ದೆ.) ಒಪ್ಪಿಗೆ ಸಿಕ್ಕಾಗ ಆ ಔಷಧಿ ಬೆಲೆ 35 ಲಕ್ಷ ಡಾಲರ್ ಇತ್ತು. ಇಳುವರಿ ಜಾಸ್ತಿ ಮಾಡೋಕೆ ಯಾಕೆ ಒದ್ದಾಡ್ತೀವಿ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ.

ಕೆಲಸ ಹಿಂಗೆ. ಮೂರು ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ ತುಂಡು), ಒಂದರಲ್ಲಿ ನಮ್ಮ ಜೀನ್, ಇನ್ನೊಂದರಲ್ಲಿ ವೈರಸ್ ಡಿಎನ್‌ಎ ನಕಲು ಮಾಡೋ ರೆಪ್ ಮತ್ತು ಚಿಪ್ಪು ಕಟ್ಟೋ ಕ್ಯಾಪ್ ಜೀನ್, ಮತ್ತೊಂದರಲ್ಲಿ ಅಡೆನೊವೈರಸ್‌ನಿಂದ ಎರವಲು ತಂದ ಸಹಾಯದ ಜೀನ್‌ಗಳು. ಇದನ್ನ ಪಿಇಐ ಅನ್ನೋ ಪಾಲಿಮರ್ ಜೊತೆ ಬೆರೆಸಿ ಹತ್ತು ಹದಿನೈದು ನಿಮಿಷ ಬಿಟ್ಟು ಸೆಲ್‌ಗೆ ಹಾಕ್ಬೇಕು. ಜಾಸ್ತಿ ಹೊತ್ತು ಬಿಟ್ರೆ ಮುದ್ದೆ ಮುದ್ದೆ ಆಗುತ್ತೆ, ಫೋನ್ ಬಂತು ಅಂತ ಎದ್ದು ಹೋಗಿ ಒಂದು ವಾರದ ಕೆಲಸ ಹಾಳು ಮಾಡ್ಕೊಂಡಿದ್ದೀನಿ. 72 ಗಂಟೆ ಆದ್ಮೇಲೆ ಸೆಲ್ ಒಡೆದು ವೈರಸ್ ತೆಗೀತೀವಿ. ಅದರಲ್ಲಿ ಬಹುಪಾಲು ಜೊಳ್ಳು, ಚಿಪ್ಪು ಇರುತ್ತೆ ಒಳಗೆ ಜೀನ್ ಇರಲ್ಲ. ಭತ್ತ ತೂರಿದಂಗೇ ನಾವೂ ಸೆಂಟ್ರಿಫ್ಯೂಜಲ್ಲಿ ಹಾಕಿ ಬೇರೆ ಮಾಡೋದು, ಗಟ್ಟಿ ಭಾರ, ಜೊಳ್ಳು ಹಗುರ.

ನನ್ನ ಐಡಿಯಾ ಏನಿತ್ತು ಅಂದ್ರೆ, ಹೊರಗಿನ ಡಿಎನ್‌ಎ ಬಂತು ಅಂತ ಸೆಲ್ ಅಲಾರಂ ಹೊಡ್ಕೊಂಡ್ರೆ ಅದು ವೈರಸ್ ಮಾಡೋದು ಬಿಟ್ಟು ಜೀವ ಉಳಿಸ್ಕೊಳ್ಳೋಕೆ ಹೋಗುತ್ತೆ, ಆ ದಾರಿಲಿರೋ ಒಂದು ಜೀನನ್ನ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯಿಂದ ಕತ್ತರಿಸಿಬಿಟ್ರೆ ಇಳುವರಿ ಏರ್ಬೇಕು. (ಹೆಚ್ಇಕೆ ಸೆಲ್‌ಗಳಲ್ಲಿ ಡಿಎನ್‌ಎ ಪತ್ತೆ ಮಾಡೋ ಅಲಾರಂ ಮೊದಲೇ ಹೆಚ್ಚುಕಮ್ಮಿ ಮಲಗಿರುತ್ತೆ. ಇದನ್ನ ನಾನು ಓದಿದ್ದೆ. ಓದಿಯೂ ಪಕ್ಕಕ್ಕೆ ಇಟ್ಟೆ.)

ಕತ್ತರಿಸಿದ್ಮೇಲೆ ಒಂದೊಂದೇ ಸೆಲ್ ಬೇರೆ ಮಾಡಿ 96 ಗುಂಡಿ ಪ್ಲೇಟ್‌ಗೆ ಹಾಕೋದು. ಗುಂಡಿಗೆ ಸರಾಸರಿ ಅರ್ಧ ಸೆಲ್ ಲೆಕ್ಕ, ಅಂದ್ರೆ ಎಷ್ಟೋ ಗುಂಡಿ ಖಾಲಿ. ಹೆಚ್ಇಕೆ ಸೆಲ್‌ಗೆ ಒಂಟಿಯಾಗಿರೋದು ಆಗಿಬರಲ್ಲ, ಹಳೇ ಕಲ್ಚರ್‌ದು ಸೋಸಿದ ಮೀಡಿಯಾ (ಸೆಲ್ ಬೆಳೆಯೋ ದ್ರವ) ಬೆರೆಸಿ ಕೊಟ್ರೆ ಸ್ವಲ್ಪ ಸಮಾಧಾನ. ದಿನಾ ಮೈಕ್ರೋಸ್ಕೋಪಲ್ಲಿ ಇಣುಕೋದು, ಒಂದು ಚುಕ್ಕಿ ಎರಡಾಯ್ತಾ, ನಾಲ್ಕಾಯ್ತಾ, ಎರಡು ಮೂರು ವಾರ ಇದೇ. ಕೊನೆಗೆ 24 ಕ್ಲೋನ್, ಅಂದ್ರೆ ಒಂದೊಂದೇ ಸೆಲ್‌ನಿಂದ ಬೆಳೆದ ಗುಂಪುಗಳು, ಉಳೀತು.

ಮೊದಲ ಅಳತೆಲೇ ಎಲ್ಲದರಲ್ಲೂ ಹತ್ತು ಪಟ್ಟು! ಕುಣಿದಾಡಿಬಿಟ್ಟೆ. ಆಮೇಲೆ ನೋಡಿದ್ರೆ ಡಿಎನ್‌ಏಸ್ (ಚಿಪ್ಪಿನ ಹೊರಗಿರೋ ಡಿಎನ್‌ಎ ಚೂರು ಮಾಡೋ ಕಿಣ್ವ) ಹಾಕೋದೇ ಮರೆತಿದ್ದೆ, ಮೇಲೆ ಅಂಟಿಕೊಂಡಿದ್ದ ಪ್ಲಾಸ್ಮಿಡನ್ನೇ ಪಿಸಿಆರ್ (ಡಿಎನ್‌ಎ ಎಣಿಸೋ ಪರೀಕ್ಷೆ) ವೈರಸ್ ಅಂತ ಎಣಿಸಿತ್ತು. ಸರಿಯಾಗಿ ಮತ್ತೆ ಮಾಡಿದಾಗ 17ನೇ ಕ್ಲೋನ್ ಮೂಲ ಸೆಲ್‌ಗಿಂತ ಮೂರು ಪಟ್ಟು ಕೊಡ್ತಿತ್ತು, ಮೂರು ಸಲ ಮಾಡಿದ್ರೂ ಮೂರು ಪಟ್ಟೇ. ಸ್ಲೈಡ್ ಮಾಡಿ ಗುರುಗಳಿಗೆ ತೋರಿಸ್ದೆ. ಅವರು ಕೇಳಿದ್ದು ಒಂದೇ ಮಾತು, "ಏನೂ ಕತ್ತರಿಸದ ಕ್ಲೋನ್‌ಗಳು ಎಲ್ಲಮ್ಮಾ?"

ಇರಲಿಲ್ಲ. ನಾನು ಹೋಲಿಸಿದ್ದು ಲಕ್ಷಾಂತರ ಸೆಲ್ ಬೆರೆತ ಮೂಲ ಕಲ್ಚರ್ ಜೊತೆ. ಹೆಚ್ಇಕೆಯಲ್ಲಿ ಒಂದು ಸೆಲ್‌ನಂಗೆ ಇನ್ನೊಂದಿಲ್ಲ, ಕ್ರೋಮೋಸೋಮ್ ಲೆಕ್ಕಾನೇ ಬೇರೆ ಬೇರೆ ಇರುತ್ತೆ, ಏನೂ ಕತ್ತರಿಸದೇ ಇದ್ರೂ ಯಾವುದೋ ಒಂದು ಜಾಸ್ತಿ ಕೊಡಬಹುದು. ಯಾವ ಜೀನನ್ನೂ ಮುಟ್ಟದ ಗೈಡ್ (ಎಲ್ಲಿ ಕತ್ತರಿಸ್ಬೇಕು ಅಂತ ಕ್ರಿಸ್ಪರ್‌ಗೆ ತೋರಿಸೋ ತುಂಡು) ಹಾಕಿ ಇನ್ನೊಂದು 20 ಕ್ಲೋನ್ ಬೆಳೆಸ್ದೆ, ಮತ್ತೆ ಅದೇ ಒಂಟಿ ಸೆಲ್ ಇಣುಕಾಟ. ಅದರ ರಿಸಲ್ಟ್ ಜೊತೆಯವಳು ವಾಟ್ಸಾಪಲ್ಲಿ ಕಳ್ಸಿದ್ದು ಇದೇ ದೀಪಾವಳಿಗೆ, ಅತ್ತೆ ಮನೇಲಿ ಮಂಡಕ್ಕಿ ಮಿರ್ಚಿ ತಿನ್ನೋವಾಗ. 20ರಲ್ಲಿ ಎರಡು ಕ್ಲೋನ್ ನನ್ನ 17ರಷ್ಟೇ ಎತ್ತರದಲ್ಲಿ ಕೂತಿದ್ವು. ಮಿರ್ಚಿ ಗಂಟಲಲ್ಲೇ ನಿಂತ್ಕೊಳ್ತು. ತಿಪ್ಪೆ ಪಕ್ಕ ಬೆಳೆದ ಮೆಕ್ಕೆಜೋಳದ ಗಿಡ ನೋಡಿ ಬೀಜ ಬಲು ಚಲೋ ಐತೆ ಅಂದಂಗಾಗಿತ್ತು ನನ್ನ ಕಥೆ.

ವಾಪಸ್ ಹೋಗಿ ಕತ್ತರಿಸಿದ ಜೀನನ್ನ 17ಕ್ಕೆ ಮತ್ತೆ ಸೇರಿಸ್ದೆ. ವೆಸ್ಟರ್ನ್ ಬ್ಲಾಟ್ ಅನ್ನೋ ಪ್ರೋಟೀನ್ ಪರೀಕ್ಷೆಲಿ ಆ ಜೀನಿನ ಪ್ರೋಟೀನ್ ಗೆರೆ ಕಪ್ಪಗೆ ವಾಪಸ್ ಬಂತು, ಇಳುವರಿ ಒಂಚೂರೂ ಇಳೀಲಿಲ್ಲ. ಅಂದ್ರೆ ಆ ಮೂರು ಪಟ್ಟಿಗೂ ನನ್ನ ಜೀನ್‌ಗೂ ಸಂಬಂಧಾನೇ ಇಲ್ಲ. ಕ್ಲೋನ್ ಆರಿಸದೆ ಇಡೀ ಗುಂಪು ಸೆಲ್‌ನಲ್ಲೇ ಕತ್ತರಿಸಿ ನೋಡಿದ್ರೆ ಏರಿಕೆ ಅಳತೆಯ ಏರುಪೇರಿನ ಒಳಗೇ ಮುಚ್ಚಿಹೋಯ್ತು. ಗುಂಪಲ್ಲಿ ಮೊದಲು ನೋಡಿದ್ರೆ ಎರಡು ವಾರದಲ್ಲಿ ಗೊತ್ತಾಗ್ತಿದ್ದಿದ್ದು, ನಾನು ಎಂಟು ತಿಂಗಳು ತಗೊಂಡೆ.

17ನ್ನ ಎಸೆದಿಲ್ಲ. ಕಾರಣ ಏನೇ ಇರ್ಲಿ, ಜಾಸ್ತಿ ಕೊಡೋದಂತೂ ನಿಜ. ಚಿಪ್ಪುಗಳನ್ನ ಎಲೈಸಾ ಅನ್ನೋ ಪರೀಕ್ಷೆಲಿ ಎಣಿಸ್ದೆ, ಚಿಪ್ಪೂ ಮೂರು ಪಟ್ಟು, ಜೊಳ್ಳಿನ ಪಾಲು ಇದ್ದಷ್ಟೇ ಇದೆ. ಕಮ್ಮಿ ಆಗಿದ್ರೆ ಶುದ್ಧ ಮಾಡೋರಿಗೆ ತುಂಬಾ ಉಪಕಾರ ಆಗ್ತಿತ್ತು, ಆಗ್ಲಿಲ್ಲ. ಈಗಿರೋ ಚಿಂತೆ, ತಿಂಗಳುಗಟ್ಟಲೆ ಬೆಳೆಸಿದ್ರೂ ಇದೇ ಇಳುವರಿ ಉಳಿಯುತ್ತಾ ಅನ್ನೋದು. 25ನೇ ಪ್ಯಾಸೇಜಲ್ಲಿದೆ (ಅಷ್ಟು ಸಲ ಹೊಸ ಫ್ಲಾಸ್ಕಿಗೆ ಹಂಚಿ ಬೆಳೆಸಿದ್ದು), ಸೋಮವಾರ ಅಳೀಬೇಕು. ಈ ಸಲ ಏನೂ ಕತ್ತರಿಸದ ಆ ಎರಡು ಕಂಟ್ರೋಲ್ ಕ್ಲೋನ್‌ಗಳೂ ಪಕ್ಕದ ಫ್ಲಾಸ್ಕಲ್ಲೇ ಇವೆ.