ಕೋಲಾರಕ್ಕೆ ಹೊಸದಾಗಿ ಬಂದವರಿಗೆ: ಹುಲ್ಲು ಕತ್ತರಿಸುವ ಮೆಷಿನ್ ತರುವ ಮೊದಲು

ನೀರಿನ ಕನೆಕ್ಷನ್, ಮಕ್ಕಳ ಸ್ಕೂಲು, ಬಾಡಿಗೆ ಕರಾರು, ಇವುಗಳ ಬಗ್ಗೆ ನಮ್ಮ ಸಂಘದ ಬೇರೆ ಹಾಳೆಗಳಿವೆ. ಈ ಹಾಳೆ ಮನೆ ಮುಂದೆ ಒಂದಿಷ್ಟು ಹುಲ್ಲಿನ ಜಾಗ ಸಿಕ್ಕವರಿಗೆ ಮಾತ್ರ. ನರಸಾಪುರ, ವೇಮಗಲ್ ಕಡೆ ಕೆಲಸಕ್ಕೆ ಬಂದು ಊರ ಹೊರಗಿನ ಲೇಔಟ್‌ಗಳಲ್ಲಿ ಮನೆ ಹಿಡಿಯುವವರು ಈಗ ಜಾಸ್ತಿ. ಸಾಮಾನು ಬಿಚ್ಚಿ ಮುಗಿಯುವ ಮೊದಲೇ ಸಂಘದ ಗುಂಪಿನಲ್ಲಿ ಪ್ರಶ್ನೆ ಬರುತ್ತದೆ: ಲಾನ್ ಮೆಷಿನ್ ಯಾವುದು ತಗೊಳ್ಳೋಣ, ತಳ್ಳುವುದಾ, ಕರೆಂಟಿನದಾ, ಪೆಟ್ರೋಲಿನದಾ? ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಸಾಕಾಗಿದೆ, ಅದಕ್ಕೇ ಒಟ್ಟಿಗೆ ಬರೆದಿದ್ದೇನೆ.

ಮೊದಲು ಈ ಊರಿನ ಹುಲ್ಲು ತಿಳಿಯಿರಿ

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಕಡೆ ಹುಲ್ಲನ್ನು ಯಾರೂ ಬೆಳೆಸುವುದಿಲ್ಲ, ಅಂಗಳಕ್ಕೆ ಬರದ ಹಾಗೆ ತಡೆಯುವುದರಲ್ಲೇ ಮಳೆಗಾಲ ಕಳೆಯುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು. ಕೋಲಾರದಲ್ಲಿ ಬೀಳುವ ಮಳೆ ಆಗುಂಬೆಯ ಮಳೆಯಲ್ಲಿ ಸುಮಾರು ಹತ್ತನೇ ಒಂದು ಪಾಲು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಈ ಜಿಲ್ಲೆಯಲ್ಲಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸುದ್ದಿಯೇ ಅಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ ಅಂದಮೇಲೆ ನೀರಿನ ಪರಿಸ್ಥಿತಿ ನಿಮಗೇ ಗೊತ್ತಾಗುತ್ತದೆ.

ಒಂದು ಗುಂಟೆ ಅಂದರೆ 1089 ಚದರಡಿ. ಅಷ್ಟು ಜಾಗಕ್ಕೆ ಒಂದು ಇಂಚು ನೀರು ಕೊಡಲು 2500 ಲೀಟರ್‌ಗಿಂತ ಜಾಸ್ತಿ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಹುಲ್ಲು ನೆನೆಸುವವರನ್ನು ನೋಡಿದ್ದೇನೆ. ಪಕ್ಕದ ಬೀದಿಯಲ್ಲಿ ಜನ ಬಿಂದಿಗೆ ಸಾಲಿಟ್ಟು ನಿಂತಿರುವಾಗ ಇದು ಚೆನ್ನಾಗಿರಲ್ಲ. ಹುಲ್ಲು ಇನ್ನೂ ಹಾಕಿಸಿಲ್ಲ ಎನ್ನುವವರು ಆದಷ್ಟು ಚಿಕ್ಕದಾಗಿ, ಗರಿಕೆ ಜಾತಿಯದನ್ನೇ ಹಾಕಿಸಿ. ಅದು ಒಣಗಿ ಕಂದಾದರೂ ಮಳೆ ಬಂದ ಕೂಡಲೇ ಮತ್ತೆ ಚಿಗುರುತ್ತದೆ.

ಈಗ ಮೆಷಿನ್‌ಗೆ ಸಂಬಂಧಪಟ್ಟ ಮಾತು. ಇಲ್ಲಿ ಮಳೆ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್ ತನಕ. ಹುಲ್ಲು ನುಗ್ಗಿ ಬೆಳೆಯುವುದೂ ಆಗಲೇ. ಆಗ ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ಡಿಸೆಂಬರ್ ಬಂದರೆ ಚಳಿಗೆ ಬೆಳವಣಿಗೆ ನಿಧಾನ. ಫೆಬ್ರವರಿಯಿಂದ ಮೇ ತನಕ ನೀವು ನೀರು ಕೊಟ್ಟಷ್ಟೇ ಹುಲ್ಲು. ಅಂದರೆ ನೀವು ತರುವ ಮೆಷಿನ್ ಹೆಚ್ಚುಕಮ್ಮಿ ಅರ್ಧ ವರ್ಷ ಮೂಲೆಯಲ್ಲಿ ನಿಂತಿರುತ್ತದೆ. ಯಾವುದು ನಿಂತರೂ ಕೆಡುವುದಿಲ್ಲವೋ ಅದೇ ಇಲ್ಲಿಗೆ ಸರಿ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಜಾಗ ಅಳೆಯಿರಿ, ಅಂದಾಜು ಬೇಡ

30×40 ಸೈಟಿನಲ್ಲಿ ಮನೆ, ಸಂಪು, ಬೈಕು, ತುಳಸಿಕಟ್ಟೆ ಎಲ್ಲ ಕಳೆದರೆ ಉಳಿಯುವುದು ಒಂದು ಚಾಪೆಯಷ್ಟು ಹುಲ್ಲು. ಅದಕ್ಕೆ ದೊಡ್ಡ ಕತ್ತರಿ ಸಾಕು. ಸುಮ್ನೆ ದುಡ್ಡು ಹಾಕಬೇಡಿ.

- ಅರ್ಧ ಗುಂಟೆಯಿಂದ ಒಂದೂವರೆ ಗುಂಟೆ: ಕೈಯಲ್ಲಿ ತಳ್ಳುವುದು.
- ಮೂರು ಗುಂಟೆ ತನಕ: ಕರೆಂಟ್ ಅಥವಾ ಬ್ಯಾಟರಿ.
- ಐದಾರು ಗುಂಟೆ ಮೇಲೆ, ಅಥವಾ ಲೇಔಟಿನ ಪಾರ್ಕು: ಪೆಟ್ರೋಲ್.

ಕೈಯಲ್ಲಿ ತಳ್ಳುವ ಮೆಷಿನ್

ಇದರಲ್ಲಿ ಉರುಳೆಗೆ ಸುತ್ತಿದ ಹಾಗೆ ಐದಾರು ಬ್ಲೇಡು ಇರುತ್ತವೆ. ಕೆಳಗೆ ಅಲುಗಾಡದ ಒಂದು ಪಟ್ಟಿ. ತಳ್ಳಿದಾಗ ಚಕ್ರ ಬ್ಲೇಡನ್ನು ತಿರುಗಿಸುತ್ತದೆ, ಹುಲ್ಲು ಎರಡರ ನಡುವೆ ಸಿಕ್ಕು ಕಚಕ್ ಅಂತ ತುಂಡಾಗುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಪೇಟೆಂಟ್ ಮಾಡಿಸಿದ್ದು ಇದೇ ಬಗೆಯದು. ಬಟ್ಟೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ ಅವನಿಗೆ ಹೊಳೆಯಿತಂತೆ. ಇಷ್ಟು ವರ್ಷವಾದರೂ ಒಳಗಿನ ಕೆಲಸ ಬದಲಾಗಿಲ್ಲ.

ನನ್ನ ಮಟ್ಟಿಗೆ ಕೋಲಾರದ ಹೆಚ್ಚಿನ ಮನೆಗಳಿಗೆ ಇದೇ ಸಾಕು. ಕರೆಂಟ್ ಬೇಡ, ಪೆಟ್ರೋಲ್ ಬೇಡ, ಆರು ತಿಂಗಳು ನಿಂತರೂ ಒಂದು ತೊಟ್ಟು ಎಣ್ಣೆ ಬಿಟ್ಟರೆ ಓಡುತ್ತದೆ. ಹುಲ್ಲಿನ ತುದಿ ಹರಿಯದೆ ಚೊಕ್ಕವಾಗಿ ಕತ್ತರಿಸುತ್ತದೆ, ಆದ್ದರಿಂದ ತುದಿ ಕಂದಾಗುವುದು ಕಮ್ಮಿ. ಬೆಳಿಗ್ಗೆ ಆರಕ್ಕೆ ತಳ್ಳಿದರೂ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ. "ಇಷ್ಟು ದೊಡ್ಡ ಮನೆ ಮಾಡಿ ಕೈಯಲ್ಲಿ ತಳ್ಳೋದಾ" ಎನ್ನುವ ನೆಂಟರು ಬಂದೇ ಬರುತ್ತಾರೆ. ಅವರ ಕೈಗೇ ಹಿಡಿ ಕೊಡಿ.

ತೊಂದರೆ ಎರಡು. ಹುಲ್ಲು ನಾಲ್ಕು ಇಂಚು ದಾಟಿದರೆ ಇದು ಕತ್ತರಿಸುವುದಿಲ್ಲ, ಹುಲ್ಲನ್ನು ಮಲಗಿಸಿಕೊಂಡು ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಮೊದಲು ಕುಡುಗೋಲು ಹಿಡಿಯಬೇಕು, ಆಮೇಲೆ ಮೆಷಿನ್.

ಎರಡನೆಯದು ಕಲ್ಲು. ಊರ ಪಕ್ಕದ ಶತಶೃಂಗ ಬೆಟ್ಟ ನೋಡಿದ್ದೀರಲ್ಲ, ನಿಮ್ಮ ಹುಲ್ಲಿನ ಕೆಳಗಿರುವುದೂ ಅದೇ ಕಲ್ಲು. ಮಳೆ ಬಂದಾಗಲೆಲ್ಲ ಬೆಣಚುಕಲ್ಲಿನ ಚೂರು ಮೇಲೆ ಬರುತ್ತದೆ. ಒಂದೇ ಚೂರು ಸಿಕ್ಕಿದರೂ ಬ್ಲೇಡಿನ ಅಂಚು ಮುರಿಯುತ್ತದೆ, ಆಮೇಲೆ ಹುಲ್ಲಿನಲ್ಲಿ ಗೆರೆ ಗೆರೆ. ತಳ್ಳುವ ಮೊದಲು ಒಂದು ಸುತ್ತು ನಡೆದು ಆರಿಸಿ. ಮಕ್ಕಳಿಗೆ ಬಿಟ್ಟರೆ ಅವರೇ ಖುಷಿಯಾಗಿ ಆರಿಸುತ್ತಾರೆ.

ಮೊನಚು ನೋಡಲು ಒಂದು ಪೇಪರ್ ತುಂಡನ್ನು ಬ್ಲೇಡಿಗೂ ಪಟ್ಟಿಗೂ ನಡುವೆ ಇಟ್ಟು ಉರುಳೆಯನ್ನು ಮೆಲ್ಲಗೆ ತಿರುಗಿಸಿ. ಬೆರಳು ದೂರ ಇರಲಿ. ಪೇಪರ್ ಕತ್ತರಿಸಿದರೆ ಸರಿ, ಮಡಚಿಕೊಂಡರೆ ಪಕ್ಕದ ಸ್ಕ್ರೂ ತಿರುಗಿಸಿ ಪಟ್ಟಿಯನ್ನು ಹತ್ತಿರ ತನ್ನಿ. ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಇದನ್ನು ಕೊಡಲೇಬೇಡಿ. ಚಾಕು, ಕತ್ತರಿಗೆ ಅವರು ಸರಿ. ಈ ಬ್ಲೇಡು ತಿರುಚಿಕೊಂಡಿರುತ್ತದೆ, ಸಾಣೆಕಲ್ಲಿಗೆ ಹಿಡಿದರೆ ಒಂದು ಕಡೆ ಸವೆದು ಇನ್ನೊಂದು ಕಡೆ ಪಟ್ಟಿಗೆ ತಾಗುವುದೇ ಇಲ್ಲ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉರುಳೆಯನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗುವುದೇ ಕ್ರಮ.

ಕರೆಂಟ್ ಮೆಷಿನ್

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಜಿಲ್ಲೆ ನಮ್ಮದು. ಬೆಂಗಳೂರಿನ ಬೀದಿ ದೀಪಕ್ಕಿಂತ ಮೊದಲು! ಆದರೂ ನಿಮಗೆ ರಜೆ ಇರುವ ದಿನ, ಹುಲ್ಲು ಒಣಗಿರುವ ಹೊತ್ತಿಗೇ ಕರೆಂಟ್ ಇರುತ್ತದೆ ಅಂತ ನಂಬಿ ಕೂರಬೇಡಿ. ಯುಪಿಎಸ್ ಇದೆಯಲ್ಲ ಅನ್ನುವವರಿಗೆ: ಮನೆಯ ಯುಪಿಎಸ್ ಸಾಮಾನ್ಯವಾಗಿ 900 ವಿಎ ಆಸುಪಾಸು, ವ್ಯಾಟ್ ಲೆಕ್ಕದಲ್ಲಿ ಅದಕ್ಕಿಂತಲೂ ಕಮ್ಮಿ. ಈ ಮೆಷಿನ್‌ಗಳು 1000ದಿಂದ 1400 ವ್ಯಾಟ್ ಎಳೆಯುತ್ತವೆ. ಹಾಕಿದ ಕೂಡಲೇ ಯುಪಿಎಸ್ ಟ್ರಿಪ್ ಆಗುತ್ತದೆ.

ಇದರ ಬ್ಲೇಡು ಫ್ಯಾನಿನ ರೆಕ್ಕೆಯ ಹಾಗೆ ನೆಲಕ್ಕೆ ಸಮನಾಗಿ ತಿರುಗುತ್ತದೆ. ಸ್ವಲ್ಪ ಎತ್ತರದ ಹುಲ್ಲನ್ನೂ ತಾಳುತ್ತದೆ. ತೂಕ ಕಮ್ಮಿ, ಎಂಜಿನ್ ಆಯಿಲ್ಲಿನ ಗೋಜಿಲ್ಲ. ಅಷ್ಟೇ ಒಳ್ಳೆಯ ಮಾತು. ಇನ್ನು ಬೈಗುಳ.

ದಯವಿಟ್ಟು ಬರಿಗಾಲಲ್ಲಿ ಓಡಿಸಬೇಡಿ. ನಮ್ಮ ಜನಕ್ಕೆ ಸ್ವಂತ ಅಂಗಳದಲ್ಲಿ ಚಪ್ಪಲಿ ಹಾಕುವುದು ಅಂದರೆ ಏನೋ ತಪ್ಪು ಮಾಡಿದ ಹಾಗೆ. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ನೆಂದ ಹುಲ್ಲಿನ ಮೇಲೆ ಕರೆಂಟ್ ವೈರ್ ಎಳೆದುಕೊಂಡು ಹೋಗುವ ಹಿರಿಯರನ್ನು ನೋಡಿ ನನ್ನ ಎದೆ ಹಲವು ಸಲ ನಡುಗಿದೆ. ಮುಚ್ಚಿದ ಶೂ, ಒಣ ಹುಲ್ಲು. ಸೀರೆ ಸೆರಗು, ದುಪಟ್ಟಾ ಗಟ್ಟಿಯಾಗಿ ಸಿಕ್ಕಿಸಿ.

ಬಾಡಿಗೆ ಮನೆಯಾದರೆ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಎಂದರ್ಥವಲ್ಲ. ನಾವು ಮೊದಲಿದ್ದ ಮನೆಯಲ್ಲಿ ಹೊರಗಿನ ಸಾಕೆಟ್‌ನ ಮೂರನೇ ತೂತಿಗೆ ವೈರೇ ಕೊಟ್ಟಿರಲಿಲ್ಲ. ಮಾಲೀಕರನ್ನು ಕೇಳಿದರೆ "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ" ಎಂದರು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಬೇಕು. ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುವುದು ಅದೇ. ಲೋಡ್ ಜಾಸ್ತಿಯಾದಾಗ ಬೀಳುವ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ.

ಎಕ್ಸ್‌ಟೆನ್ಷನ್ ವೈರು ತೆಳ್ಳಗಿನದು ಬೇಡ. ಮೂರು ಎಳೆಯ, ಕಡಿಮೆಯೆಂದರೆ 1.5 ಚದರ ಮಿಲಿಮೀಟರ್ ದಪ್ಪದ್ದು. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕುವ ವೈರು ಇಲ್ಲಿ ನಡೆಯಲ್ಲ. ಉರುಳೆಗೆ ಸುತ್ತಿದ ವೈರಾದರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿದ್ದಾಗಲೇ ಓಡಿಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ. ಸಾಕೆಟ್ ಹತ್ತಿರದಿಂದ ಶುರು ಮಾಡಿ ದೂರ ಹೋಗಿ, ವೈರು ಯಾವಾಗಲೂ ಕತ್ತರಿಸಿ ಮುಗಿದ ಕಡೆಗೇ ಇರಲಿ. ಬ್ಲೇಡಿಗೆ ಹುಲ್ಲು ಸಿಕ್ಕಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಆಮೇಲೆ ಕೈ ಹಾಕಿ.

ಬ್ಯಾಟರಿ

- ವೈರಿನ ಕಾಟ ಇಲ್ಲ. ಬೆಲೆಯ ದೊಡ್ಡ ಪಾಲು ಬ್ಯಾಟರಿಗೇ.
- ಆನ್‌ಲೈನಲ್ಲಿ ಅಗ್ಗವಾಗಿ ಕಂಡರೆ ಬ್ಯಾಟರಿ, ಚಾರ್ಜರ್ ಡಬ್ಬಿಯೊಳಗೆ ಇದೆಯಾ ಓದಿ. ಹಲವು ಸಲ ಇರುವುದಿಲ್ಲ.
- ಬೇಸಿಗೆಗೆ ಎತ್ತಿಡುವಾಗ ಅರ್ಧ ಚಾರ್ಜ್, ತಣ್ಣಗಿನ ಜಾಗ. ಶೀಟಿನ ಶೆಡ್ಡಿನಲ್ಲಿ ಬೇಡ.
- ಅದೇ ಕಂಪನಿಯ ಡ್ರಿಲ್ ಮನೆಯಲ್ಲಿದ್ದರೆ ಬ್ಯಾಟರಿ ಎರಡಕ್ಕೂ ಆಗುತ್ತದಾ ಕೇಳಿ.

ಪೆಟ್ರೋಲ್ ಮೆಷಿನ್

ಒಂದು ಮನೆಗೆ ಇದು ಬೇಕಾಗುವುದು ಅಪರೂಪ. ಲೇಔಟಿನವರು ಸೇರಿ ಪಾರ್ಕಿಗೆ ತರುವುದಾದರೆ ಸರಿ. ಎತ್ತರದ ಹುಲ್ಲು, ಗಟ್ಟಿ ಹುಲ್ಲು, ಎಲ್ಲಕ್ಕೂ ಬಲ ಇದೆ. ಸದ್ದೂ ಹಾಗೇ ಇದೆ. ಪರೀಕ್ಷೆ ಸಮಯದಲ್ಲಿ ಬೆಳಬೆಳಿಗ್ಗೆ ಓಡಿಸಿದರೆ ಇಡೀ ಬೀದಿಯ ಶಾಪ. ಹೊಗೆಯ ಕಾರಣಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ತಯಾರಾಗುವ ಪೆಟ್ರೋಲ್ ಮೆಷಿನ್ ಮಾರುವುದಕ್ಕೇ ತಡೆ ಹಾಕಿದ್ದಾರೆ.

ಫೋರ್ ಸ್ಟ್ರೋಕ್ ಹೊಸ ಮೆಷಿನ್ ಸಾಮಾನ್ಯವಾಗಿ ಎಂಜಿನ್ ಆಯಿಲ್ ಇಲ್ಲದೆ ಬರುತ್ತದೆ. ಡಬ್ಬಿ ಬಿಚ್ಚಿದ ಖುಷಿಗೆ ಪೆಟ್ರೋಲ್ ಸುರಿದು ಹಗ್ಗ ಎಳೆದರೆ ಎಂಜಿನ್ ಅಲ್ಲೇ ಹಿಡಿದುಕೊಳ್ಳುತ್ತದೆ. ಮೊದಲು ಆಯಿಲ್ ಹಾಕಿ, ಕಡ್ಡಿಯಲ್ಲಿ ಮಟ್ಟ ನೋಡಿ.

ಈಗ ಬಂಕಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮೆಷಿನ್ ಡಿಸೆಂಬರ್‌ನಿಂದ ಜೂನ್ ತನಕ ನಿಂತರೆ ಟ್ಯಾಂಕಿನಲ್ಲಿ ಉಳಿದದ್ದು ಕೆಟ್ಟು, ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟುತ್ತದೆ. ಮಳೆ ಬಂದು ಹುಲ್ಲು ಎದ್ದಾಗ ಹಗ್ಗ ಎಳೆದು ಎಳೆದು ಭುಜ ನೋವು, ಮೆಷಿನ್ ಮಾತ್ರ ಮೌನ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಕೊಳ್ಳುವಾಗಲೇ ಇ20 ಪೆಟ್ರೋಲಿಗೆ ಆಗುತ್ತದಾ ಕೇಳಿ, ಹಳೆಯ ಮಾಡೆಲ್ಲುಗಳು 10% ತನಕ ಮಾತ್ರ ತಾಳುತ್ತವೆ. ಇಲ್ಲಿನ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಕೀಳಿ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತುಂಬಿ ಅಡುಗೆಮನೆ ಪಕ್ಕ ಇಡಬೇಡಿ, ಮನೆಯಲ್ಲಿ ಮಕ್ಕಳಿರುತ್ತವೆ.

ದಿನಗೂಲಿಗೆ ಬರುವವರು ಹೆಗಲಿಗೆ ಹಾಕಿಕೊಂಡು ಬರುವ ಬ್ರಷ್ ಕಟರ್ ಬೇರೆ ವಸ್ತು. ಖಾಲಿ ಸೈಟಿನ ಕಾಂಗ್ರೆಸ್ ಗಿಡ ಸವರಲು ಸರಿ, ಲಾನಿಗೆ ಹಳ್ಳದಿಣ್ಣೆ ಮಾಡುತ್ತದೆ. ಅದು ಹಾರಿಸುವ ಕಲ್ಲು ಕಾರಿನ ಗಾಜು ಒಡೆಯುತ್ತದೆ. ಮಕ್ಕಳನ್ನು ಒಳಗೆ ಕರೆದುಕೊಳ್ಳಿ.

ಎಷ್ಟು ಕತ್ತರಿಸಬೇಕು

- ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೇಡ.
- ಬೇಸಿಗೆಯಲ್ಲಿ ಸ್ವಲ್ಪ ಎತ್ತರವೇ ಬಿಡಿ, ನೆಲ ತಂಪಾಗಿರುತ್ತದೆ.
- ಕತ್ತರಿಸಿದ ಚೂರು ಅಲ್ಲೇ ಉದುರಲಿ, ಗೊಬ್ಬರ ಆಗುತ್ತದೆ.
- ಹಸು ಇರುವವರು ಹುಲ್ಲು ಕೇಳಿ ಬರುತ್ತಾರೆ. ಔಷಧಿ ಹೊಡೆದಿದ್ದರೆ, ರಾಶಿ ಹಾಕಿ ಬಿಸಿಯಾಗಿದ್ದರೆ ಕೊಡಬೇಡಿ.

ಎಲ್ಲಿ ಕೊಳ್ಳುವುದು

ಬ್ಲೇಡು, ಬೋಲ್ಟು, ಬೇರಿಂಗ್ ಇಲ್ಲೇ ಸಿಗುತ್ತದಾ ಅಂತ ಮೊದಲು ಕೇಳಿ, ಬೆಲೆ ಆಮೇಲೆ. ನಮ್ಮ ಸದಸ್ಯರೊಬ್ಬರು ಆನ್‌ಲೈನಲ್ಲಿ ತರಿಸಿದ ಮೆಷಿನ್ನಿನ ಒಂದು ಬೋಲ್ಟ್ ಮುರಿಯಿತು. ಕಂಪನಿಯವರು ಇಡೀ ಮೆಷಿನ್ ಬೆಂಗಳೂರಿಗೆ ತನ್ನಿ ಎಂದರು. ಒಂದು ಬೋಲ್ಟಿಗೆ ಎಪ್ಪತ್ತು ಕಿಲೋಮೀಟರ್! ತೋಟದ ಸಾಮಾನು, ಸ್ಪ್ರೇಯರ್ ರಿಪೇರಿ ಮಾಡುವ ಅಂಗಡಿಗಳು ಇಲ್ಲೇ ಬೇಕಾದಷ್ಟಿವೆ. ಟೊಮೆಟೊ ಬೆಳೆಯುವ ಜಿಲ್ಲೆ ಅಲ್ವಾ, ಸಣ್ಣ ಎಂಜಿನ್ ಬಿಚ್ಚಿ ಕಟ್ಟುವ ಕೈಗಳಿಗೆ ಬರವಿಲ್ಲ. ಅಂಗಡಿಯವರು ತಮ್ಮೊಳಗೆ ತೆಲುಗಲ್ಲಿ ಮಾತಾಡಿಕೊಂಡರೆ ಗಾಬರಿಯಾಗಿ ಹಿಂದಿಗೆ ಜಾರಬೇಡಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ.

ಸಾಲಾಗಿ ನಾಲ್ಕು ಮನೆ ನಮ್ಮವರೇ ಇದ್ದರೆ ಸೇರಿ ಒಂದೇ ಮೆಷಿನ್ ತನ್ನಿ. ವಾರದ ದಿನ ಹಂಚಿಕೊಳ್ಳಿ. ಒರೆಸಿ, ಎಣ್ಣೆ ಬಿಟ್ಟು ವಾಪಸ್ ಕೊಡಿ. ಕಲ್ಲಿಗೆ ತಾಗಿಸಿದ್ದರೆ ಸುಮ್ಮನೆ ಬಾಗಿಲ ಹತ್ತಿರ ಇಟ್ಟು ಹೋಗಬೇಡಿ, ಬೆಲ್ ಹೊಡೆದು ಹೇಳಿ.